ಏಕದಿನ ಪ್ರವಾಸ ಮೀಮಾಂಸೆ: ಬೇಲೂರು ಕಾಂಡ

ಶಾಸ್ತ್ರಗ್ರಂಥಕ್ಕೆ ಕೈ ಹಾಕುವವರು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಏಕದಿನ ಪ್ರವಾಸಶಾಸ್ತ್ರಕ್ಕೂ ಅದು ತಪ್ಪಿದ್ದಲ್ಲ. ಇದಕ್ಕೆ ಅಧಿಕಾರಿ, ಡಿಸೆಂಬರ್ ಕೊನೆಯಲ್ಲಿ ಅಮೆರಿಕದಿಂದ ಬಂದಿಳಿದ ಭಾವಮೈದುನನನ್ನು ಎಲ್ಲಿಗಾದರೂ ಕರೆದೊಯ್ಯಲೇಬೇಕಾಗಿ ಬಂದ ಬೆಂಗಳೂರಿನ ಗೃಹಸ್ಥ. ವಿಷಯ, ಹಳ್ಳಿಗಾಡಿನ ಸೊಬಗು ಮತ್ತು ಹೊಯ್ಸಳರ ದೇವಾಲಯಗಳು. ಸಂಬಂಧ, ಭಾವಮೈದುನನ ಅಕ್ಕ. ಪ್ರಯೋಜನ, ಫೋಟೊ.

ಇನ್ನು ಲಕ್ಷಣ. ಬೆಳಗಾಗುವ ಮೊದಲು ಹೊರಟು, ಶ್ರವಣಬೆಳಗೊಳ, ಬೇಲೂರು, ಹಳೇಬೀಡುಗಳನ್ನು ಮುಟ್ಟಿ, ರಾತ್ರಿ ಅದೇ ಹಾಸಿಗೆಗೆ ಮರಳುವುದು ಏಕದಿನ ಪ್ರವಾಸ. ಇಷ್ಟೇ ಹೇಳಿದರೆ ಸರ್ಕಾರಿ ಪ್ರವಾಸೋದ್ಯಮ ನಿಗಮದ ಬಸ್ಸಿಗೂ ಈ ಲಕ್ಷಣ ಹೊಂದಿ ಅತಿವ್ಯಾಪ್ತಿ ದೋಷ ಬರುತ್ತದೆ. ಆದ್ದರಿಂದ ‘ಖಾಸಗಿ’ ಎಂಬ ವಿಶೇಷಣ ಸೇರಿಸಬೇಕು. ಹಳದಿ ಬೋರ್ಡಿನ ಇನ್ನೋವಾ, ದಿನಕ್ಕೆ ಇಷ್ಟು ಕಿಲೋಮೀಟರ್ ಓಡಲಿ ಬಿಡಲಿ ಇಷ್ಟಕ್ಕೆ ದುಡ್ಡು ಎಂಬ ಕರಾರು, ಮೇಲೆ ಡ್ರೈವರ್ ಬಾಟಾ, ಟೋಲು, ಪಾರ್ಕಿಂಗು: ಇವೆಲ್ಲ ಕೂಡಿದಾಗ ಖಾಸಗಿತ್ವ ಸಿದ್ಧಿಸುತ್ತದೆ. ಬಸ್ಸಿನಲ್ಲಿ ಅಪರಿಚಿತರೊಂದಿಗೆ ಜಗಳವಾಡಬೇಕು, ಖಾಸಗಿ ಗಾಡಿಯಲ್ಲಿ ಮನೆಯವರೊಂದಿಗೇ ಆಡಬಹುದು.

ಸುತ್ತು ಒಟ್ಟು 450 ಕಿ.ಮೀ. ಆಸುಪಾಸು. ಅಂದರೆ ಚಕ್ರದ ಮೇಲೆ ಎಂಟೊಂಬತ್ತು ಗಂಟೆ. ಊಟ, ತಿಂಡಿ, ಕಾಫಿ, ‘ಗಾಡಿ ಒಂಚೂರು ನಿಲ್ಸಿ ಅಣ್ಣಾ’ ಎಂಬ ಮಕ್ಕಳ ಅವಸರ, ಇವನ್ನೆಲ್ಲ ಕಳೆದರೆ ಒಂದು ದೇವಸ್ಥಾನಕ್ಕೆ ಉಳಿಯುವುದು ಹೆಚ್ಚೆಂದರೆ ಒಂದು ಗಂಟೆ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಹಳೇಬೀಡಿನ ಕೆಲಸವಂತೂ ಅದರ ಬೆನ್ನಿಗೇ ಶುರುವಾಗಿ ದಶಕಗಟ್ಟಲೆ ನಡೆಯಿತು, ಆದರೂ ಮುಗಿಯಲಿಲ್ಲ. ಪ್ರವಾಸಿಗಳು ಮುಗಿಸುತ್ತಾರೆ.

ಹೊರಡುವ ಸಮಯದ ವಿಚಾರದಲ್ಲಿ ಶಾಸ್ತ್ರಜ್ಞರು ಸತ್ಯವನ್ನು ಎರಡಾಗಿ ಒಡೆಯುತ್ತಾರೆ. ‘ಐದಕ್ಕೆ ಸರಿಯಾಗಿ ಗಾಡಿ ಬಾಗಿಲಲ್ಲಿರಬೇಕು’ ಎಂಬುದು ವ್ಯಾವಹಾರಿಕ ಸತ್ಯ. ಏಳು ಗಂಟೆಗೆ ನೆಲಮಂಗಲದ ಟೋಲಿನಲ್ಲಿ ನಿಂತಿರುವುದು ಪಾರಮಾರ್ಥಿಕ. ಈ ಎರಡು ಗಂಟೆಗಳ ಅಂತರವನ್ನು ಮಾಯೆ ಎನ್ನುವವರಿದ್ದಾರೆ. ಅತ್ತೆಯವರ ಪೂಜೆ ಎನ್ನುವವರೂ ಇದ್ದಾರೆ.

ಇಲ್ಲಿಂದ ಹುಟ್ಟುವುದೇ ಪ್ರಸಿದ್ಧವಾದ ಮಧ್ಯಾಹ್ನ ಪ್ರಮೇಯ. ಕಲ್ಲಿನ ತಾಣ ಮೂರು, ಸೂರ್ಯ ಒಬ್ಬ. ಮೂರು ಕಡೆಯೂ ಚಪ್ಪಲಿ ಬಿಡಬೇಕು. ಆದ್ದರಿಂದ ಯಾವ ಕ್ರಮದಲ್ಲಿ ಹೋದರೂ ಮೂರರಲ್ಲೊಂದು ನಡುಹಗಲ ಬಿಸಿಲಿಗೆ ಸಿಗಲೇಬೇಕು. ಬೆಳಗೊಳವನ್ನು ಮೊದಲು ನೋಡಬೇಕೆಂಬ ಪಕ್ಷದವರು, ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ದೊಡ್ಡಬೆಟ್ಟವನ್ನು ಎಳೆಬಿಸಿಲಿನಲ್ಲಿ ಹತ್ತುವುದೇ ಲೇಸು ಎನ್ನುತ್ತಾರೆ. ಆದರೆ ಆಗ ಬೇಲೂರು ತಲುಪುವ ಹೊತ್ತಿಗೆ ಗರ್ಭಗುಡಿಯ ಬಾಗಿಲು ಹಾಕಿರುತ್ತದೆ, ಅಂಗಳದ ಚಪ್ಪಡಿಗಳು ಕಾದಿರುತ್ತವೆ. ಬೇಲೂರನ್ನೇ ಮೊದಲು ನೋಡಬೇಕೆಂಬ ಎದುರು ಪಕ್ಷದವರಿಗೆ ಸಂಜೆ ಬೆಟ್ಟದ ಬುಡದಲ್ಲಿ ಅತ್ತೆಯವರ ಮಂಡಿ ಅಡ್ಡ ಬರುತ್ತದೆ. ಡೋಲಿ ಇದೆ ಎಂದರೆ, ‘ನಾನೇನು ಅಷ್ಟು ಮುದುಕಿನೇ?’ ಎಂಬ ಆಕ್ಷೇಪ. ಈ ವಾದ ಇಂದಿಗೂ ಇತ್ಯರ್ಥವಾಗಿಲ್ಲ. ಕಾಲುಚೀಲ ಹಾಕಿಕೊಳ್ಳಿ ಎಂಬುದಷ್ಟೇ ಎರಡೂ ಪಕ್ಷಗಳು ಒಪ್ಪಿದ ಸಿದ್ಧಾಂತ.

ಇನ್ನು ಹಳ್ಳಿಗಾಡಿನ ಸೊಬಗು. ಕುಣಿಗಲ್, ಯಡಿಯೂರು, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ: ಹೆದ್ದಾರಿಯ ಬೋರ್ಡುಗಳ ಮೇಲೆ ಈ ಊರುಗಳಿವೆ, ರಸ್ತೆಯ ಮೇಲಿಲ್ಲ. ಬೈಪಾಸುಗಳು ಊರುಗಳನ್ನು ಪಕ್ಕಕ್ಕೆ ಸರಿಸಿವೆ. ಚನ್ನರಾಯಪಟ್ಟಣದ ಸುತ್ತ ತೆಂಗು, ಹಾಸನದ ಬದಿಗೆ ಆಲೂಗೆಡ್ಡೆ, ಶುಂಠಿ, ಬೇಲೂರು ಹತ್ತಿರವಾದಂತೆ ಸಿಲ್ವರ್ ಓಕಿನ ನೆರಳಲ್ಲಿ ಕಾಫಿ, ಮೈಗೆ ಹಬ್ಬಿದ ಮೆಣಸು. ಬಯಲುಸೀಮೆ ಮಲೆನಾಡಾಗುವುದನ್ನು ಒಂದೇ ಬೆಳಗಿನಲ್ಲಿ ತೋರಿಸುವ ದಾರಿ ನಾಡಿನಲ್ಲಿ ಹೆಚ್ಚಿಲ್ಲ. ಇದನ್ನು ನೋಡಬೇಕಾದ ಮೂರು ತಲೆಗಳು ಫೋನಿನಲ್ಲಿರುತ್ತವೆ, ಎರಡು ನಿದ್ದೆಯಲ್ಲಿ. ನೋಡುವವನು ಡ್ರೈವರ್ ಒಬ್ಬನೇ, ಅವನು ನೋಡದಿದ್ದರೇನೇ ಕ್ಷೇಮ.

ಆದರೂ ಪ್ರವಾಸಿಗಳಿಂದ ಹಳ್ಳಿಗೆ ಉಪಕಾರವೇ ಇಲ್ಲವೆನ್ನುವುದು ತಪ್ಪು. ಸುಗ್ಗಿಯಲ್ಲಿ ಹಾಸನ ಸೀಮೆಯ ಸಣ್ಣ ರಸ್ತೆಗಳ ಮೇಲೆ ರಾಗಿ ತೆನೆ, ಹುರುಳಿ ಗಿಡ ಹರಡಿರುತ್ತವೆ. ಕಣ ಮಾಡಿ, ಎತ್ತು ಕಟ್ಟಿ, ರೋಣಗಲ್ಲು ಉರುಳಿಸುವ ಕೆಲಸವನ್ನು ಬೆಂಗಳೂರಿನ ಗಾಡಿಗಳು ಬಾಡಿಗೆ ಕೇಳದೆ ಮಾಡಿಕೊಟ್ಟು ಹೋಗುತ್ತವೆ. ‘ರೋಡಲ್ಲಿ ಹಾಕಿದಾರಲ್ಲ, ಸ್ಕಿಡ್ ಆಗಲ್ವಾ?’ ಎಂದು ಭಾವಮೈದುನ ಕೇಳುವುದು ನ್ಯಾಯವೇ. ದ್ವಿಚಕ್ರದವರು ಜಾರಿ ಬಿದ್ದದ್ದಿದೆ, ಅಧಿಕಾರಿಗಳು ಬೇಡವೆಂದದ್ದೂ ಇದೆ. ಆದರೆ ಇಡೀ ದಿನದಲ್ಲಿ ಈ ತಂಡದಿಂದ ಉತ್ಪಾದಕ ಎನ್ನಬಹುದಾದ ಕೆಲಸ ನಡೆಯುವುದು ಅದೊಂದೇ.

ತಾಣ ತಲುಪಿದ ಮೇಲೆ ಜ್ಞಾನದ ಪ್ರಶ್ನೆ. ಪ್ರವಾಸಿಗೆ ಜ್ಞಾನ ಬರುವುದು ಯಾವ ದಾರಿಯಿಂದ? ಮೀಮಾಂಸಕರು ಪ್ರಮಾಣಗಳನ್ನು ಆರು ಎಂದು ಎಣಿಸುತ್ತಾರೆ. ಇಲ್ಲಿಯೂ ಆರೇ.

ಪ್ರತ್ಯಕ್ಷ ಎಂದರೆ ಸೆಲ್ಫಿ. ಅನುಮಾನಕ್ಕೆ ಉದಾಹರಣೆ: ಎಲ್ಲಿ ಹಳದಿ ಬೋರ್ಡಿನ ಗಾಡಿಗಳ ಸಾಲಿದೆಯೋ ಅಲ್ಲಿ ಒಳ್ಳೆಯ ಇಡ್ಲಿ ಇದೆ. ಇದು ಹೇತ್ವಾಭಾಸ. ಸಾಲಿಗೆ ನಿಜವಾದ ಕಾರಣ, ಪಾರ್ಟಿ ಕರೆತಂದ ಡ್ರೈವರಿಗೆ ಅಲ್ಲಿ ತಿಂಡಿ ಪುಕ್ಕಟೆ. ಅರ್ಥಾಪತ್ತಿಯೂ ಸುಲಭ: ಫೋನಿನ ತುಂಬ ಫೋಟೊಗಳಿದ್ದೂ ಯಾರಿಗೂ ಒಂದು ಶಿಲ್ಪವೂ ನೆನಪಿಲ್ಲದಿದ್ದರೆ, ಅವರು ನೋಡಿದ್ದು ಫೋನನ್ನು ಎಂದು ಕಲ್ಪಿಸಿಕೊಳ್ಳಬೇಕು.

ಉಪಮಾನ ಭಾವಮೈದುನನ ಕ್ಷೇತ್ರ. ‘ಸೇಮ್ ಅಂಕೋರ್ ವಾಟ್ ಥರಾನೇ ಇದೆಯಲ್ಲ’ ಎನ್ನುತ್ತಾನೆ. ಇದಕ್ಕೆ ನಗಬಾರದು. ವಿಷ್ಣುವರ್ಧನ ಇಲ್ಲಿ ಕಲ್ಲು ಕೆತ್ತಿಸುತ್ತಿದ್ದ ಕಾಲದಲ್ಲೇ ಅತ್ತ ಎರಡನೆಯ ಸೂರ್ಯವರ್ಮ ಅಂಕೋರ್ ವಾಟ್ ಕಟ್ಟಿಸುತ್ತಿದ್ದ. ಹತ್ತೊಂಬತ್ತನೇ ಶತಮಾನದ ಜೇಮ್ಸ್ ಫರ್ಗುಸನ್ನನಂಥ ವಾಸ್ತುವಿದ್ವಾಂಸನೇ ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನಿನ ಎದುರಿಗಿಟ್ಟು, ಇವೆರಡೂ ಕಲೆಯ ಎರಡು ತುದಿಗಳೆಂದ. ಭಾವಮೈದುನನಿಗೂ ಫರ್ಗುಸನ್ನನಿಗೂ ಇರುವ ವ್ಯತ್ಯಾಸವೆಂದರೆ, ಫರ್ಗುಸನ್ ಎರಡೂ ಪಕ್ಷಗಳನ್ನು ವಿವರವಾಗಿ ಬರೆದ.

ಇನ್ನುಳಿದದ್ದರಲ್ಲಿ ಶಬ್ದಪ್ರಮಾಣವೇ ದೊಡ್ಡದು. ಶಬ್ದವೆಂದರೆ ಆಪ್ತವಾಕ್ಯ, ಆಪ್ತನೆಂದರೆ ಗೈಡ್. ಕೊರಳಲ್ಲಿ ಪ್ರವಾಸೋದ್ಯಮ ಇಲಾಖೆಯ ಬ್ಯಾಡ್ಜು, ಕೈಯಲ್ಲಿ ಟಾರ್ಚು, ಬಾಯಲ್ಲಿ ನಾಲ್ಕೈದು ಭಾಷೆ. ‘ಬನ್ನಿ ಸಾರ್, ಬನ್ನಿ ಅಮ್ಮಾ, ಇಲ್ಲಿ ನಿಂತ್ಕೊಳಿ, ನೆರಳಿದೆ’ ಎಂದು ಅತ್ತೆಯವರನ್ನು ಮೊದಲು ಗೆಲ್ಲುತ್ತಾನೆ. ಗೈಡ್ ಇಲ್ಲದೆ ಬೇಲೂರು ನೋಡುವವರು ಕಾಣುವುದು ಅರ್ಧವೇ. ಮದನಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ನೊಣವೊಂದರ ಮೇಲೆ ಹಲ್ಲಿ ಹೊಂಚು ಹಾಕಿರುವುದು ತಾನಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಳಗೆ ನವರಂಗದ ಕತ್ತಲಲ್ಲಿ ಮಿನುಗುವ ಕಂಬಗಳು, ಮೇಲಿನ ಭುವನೇಶ್ವರಿ, ನರಸಿಂಹ ಕಂಬದ ಮೈಯ ಪುಟಾಣಿ ವಿಗ್ರಹಗಳು, ಎಲ್ಲಕ್ಕೂ ಅವನ ಟಾರ್ಚೇ ಗತಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿ ತಾಗುತ್ತ ಗಟ್ಟಿಯಾಗುತ್ತದೆ ಎಂದು ಅವನು ಹೇಳುವುದೂ ಸರಿಯೇ.

ಆಮೇಲೆ ಭಾಷ್ಯ ಆರಂಭ. ‘ನೋಡಿ ಮೇಡಂ, ಒಂಬೈನೂರು ವರ್ಷದ ಹಿಂದೇನೇ ಮಿನಿ ಸ್ಕರ್ಟು. ಇವಳ ಕಾಲು ನೋಡಿ, ಹೈ ಹೀಲ್ಸು.’ ಅಂಗಳದ ದೀಪಸ್ತಂಭಕ್ಕೆ ತಳಪಾಯವಿಲ್ಲ, ಬರೀ ತನ್ನ ಭಾರದ ಮೇಲೆ ನಿಂತಿದೆ ಎಂದು ಒಂದು ಬದಿಯಿಂದ ಕಾಗದ ತೂರಿಸಿ ತೋರಿಸುತ್ತಾನೆ. ಹಳೇಬೀಡಿನಲ್ಲಿ ಕೈಗೆ ಕಡ್ಡಿ ಬರುತ್ತದೆ. ಕಲ್ಲಿನ ರುಂಡದ ಒಂದು ಕಣ್ಣಿನಿಂದ ಒಳಹೋದ ಕಡ್ಡಿ ಬಾಯಿಂದ ಹೊರಬಂದಾಗ ಮಕ್ಕಳು ಮೊದಲ ಬಾರಿಗೆ ಫೋನಿನಿಂದ ತಲೆ ಎತ್ತುತ್ತವೆ. ಅಡಿಯಲ್ಲಿ ಆನೆ, ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ, ರಾಮಾಯಣ ಮಹಾಭಾರತ, ಮಕರ, ಹಂಸ ಎಂದು ಪಟ್ಟಿಕೆಗಳನ್ನು ಅವನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ‘ಒಂದು ಆನೆ ಥರ ಇನ್ನೊಂದಿಲ್ಲ ಸಾರ್, ಬೇಕಾದ್ರೆ ಎಣಿಸಿ ನೋಡಿ.’ ಎಣಿಸಲು ಯಾರಿಗೂ ಹೊತ್ತಿಲ್ಲವೆಂದು ಅವನಿಗೆ ಗೊತ್ತು.

ಮಿನಿ ಸ್ಕರ್ಟನ್ನು ಶಾಸ್ತ್ರ ಕ್ಷಮಿಸುತ್ತದೆ. ಗಂಭೀರವಾದ ಪ್ರಶ್ನೆ ಬೇರೆಯಿದೆ. ‘ಇಷ್ಟನ್ನೂ ಕೆತ್ತಿದ್ದು ಯಾರು?’ ಎಂದು ಅತ್ತೆಯವರು ಕೇಳುತ್ತಾರೆ. ‘ಜಕಣಾಚಾರಿ ಅಮ್ಮಾ’ ಎನ್ನುತ್ತಾನೆ ಆಪ್ತ. ಕೂಡಲೇ ಎಲ್ಲರೂ ಕಪ್ಪೆ ಚೆನ್ನಿಗರಾಯನ ಗುಡಿಯತ್ತ ನಡೆಯುತ್ತಾರೆ. ಮಗ ಡಂಕಣ ಕಲ್ಲಿನಲ್ಲಿ ದೋಷವಿದೆಯೆಂದದ್ದು, ವಿಗ್ರಹದ ಹೊಟ್ಟೆಯಿಂದ ಕಪ್ಪೆ ಹೊರಬಿದ್ದದ್ದು, ಅಪ್ಪ ತನ್ನ ಬಲಗೈ ಕಡಿದುಕೊಂಡದ್ದು, ಎಲ್ಲ ಮುಗಿಯುವಾಗ ಅತ್ತೆಯವರ ಕಣ್ಣು ಒದ್ದೆ. 1964ರಲ್ಲಿ ಬಿ.ಎಸ್. ರಂಗಾ ಇದೇ ಕಥೆಯನ್ನು ‘ಅಮರಶಿಲ್ಪಿ ಜಕಣಾಚಾರಿ’ ಎಂದು ತೆರೆಗೆ ತಂದರು. ಪೂರ್ತಿ ಬಣ್ಣದಲ್ಲಿ ಬಂದ ಮೊದಲ ಕನ್ನಡ ಚಿತ್ರ ಅದು. ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಅವನದೇ ಹೆಸರು. ಇಷ್ಟೆಲ್ಲ ಇರುವ ಜಕಣಾಚಾರಿಗೆ ಇಲ್ಲದಿರುವುದು ಒಂದೇ, ಹೊಯ್ಸಳರ ಕಾಲದ ಒಂದು ಶಾಸನ.

ಅತ್ತ, ಶಾಸನ ಇರುವವರಿಗೆ ಕಥೆ ಇಲ್ಲ. ಹೊಯ್ಸಳ ಶಿಲ್ಪಿಗಳು ಸಂಕೋಚದ ಜನರಲ್ಲ. ತಾವು ಮಾಡಿದ್ದರ ಪೀಠದ ಮೇಲೆ ಹೆಸರು, ಊರು, ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳನ್ನೂ ಕನ್ನಡದಲ್ಲಿ ಕೊರೆದಿಟ್ಟರು. ಬೇಲೂರಿನ ಮದನಿಕೆಗಳಲ್ಲಿ ನಾಲ್ಕು ಬಳ್ಳಿಗಾವೆಯ ದಾಸೋಜನವು, ಐದು ಅವನ ಮಗ ಚಾವಣನವು. ಅಪ್ಪ ಮಗ ಇಬ್ಬರೂ ಒಂದೇ ಸೂರಿನಡಿ ಉಳಿ ಹಿಡಿದದ್ದಕ್ಕೆ ಕಲ್ಲೇ ಸಾಕ್ಷಿ. ಯಾರ ಕೈಯೂ ತುಂಡಾಗಲಿಲ್ಲ, ಮಗ ಅಪ್ಪನಿಗಿಂತ ಒಂದು ಹೆಚ್ಚೇ ಮಾಡಿದ. ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ ಎಂದು ಇನ್ನೂ ಹೆಸರುಗಳಿವೆ. ಆರ್. ನರಸಿಂಹಾಚಾರ್ ಬೇಲೂರಿನ ಬಗ್ಗೆ ಪುಸ್ತಕ ತಂದದ್ದು 1919ರಲ್ಲಿ. ಡಿ.ವಿ.ಜಿ. ಈ ಮದನಿಕೆಯರ ಮೇಲೆಯೇ ‘ಅಂತಃಪುರ ಗೀತೆ’ ರಚಿಸಿದರು. ಬರೆದವರಿಗೂ ಹಾಡಿದವರಿಗೂ ಕೊರತೆಯಿಲ್ಲ. ಆದರೂ ಖಾಸಗಿ ಗಾಡಿಯ ತಂಡಕ್ಕೆ ದಾಸೋಜನ ಹೆಸರು ತಲುಪುವುದಿಲ್ಲ. ತಪ್ಪು ಗೈಡಿನದೆಂದು ತೀರ್ಪು ಕೊಡುವ ಮೊದಲು ಒಂದು ಮಾತು: ಅವನಿಗೆ ಸಿಗುವುದು ಮುಕ್ಕಾಲು ಗಂಟೆ, ಕೇಳುವವರಿಗೆ ಹಸಿವು. ಹಸಿದವರ ಮುಂದೆ ಶಾಸನಕ್ಕಿಂತ ಕಪ್ಪೆಯೇ ಚೆನ್ನಾಗಿ ಓಡುತ್ತದೆ.

ಕೊನೆಯ ಪ್ರಮಾಣ ಅನುಪಲಬ್ಧಿ. ಕಾಣದಿರುವುದರಿಂದಲೇ ‘ಇಲ್ಲ’ ಎಂದು ತಿಳಿಯುವುದು. ಇದರ ಸೂತ್ರ ಡ್ರೈವರನದು: ‘ಅಲ್ಲೇನಿಲ್ಲ ಸಾರ್.’ ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಿಂದ ತುಸು ಒಳಗೆ ದೊಡ್ಡಗದ್ದವಳ್ಳಿಯಿದೆ. ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ಗುಡಿ, ಪಕ್ಕದಲ್ಲಿ ಕೆರೆ, ಸುತ್ತ ತೆಂಗು. ರಾಜನಲ್ಲ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಬೇಲೂರಿಗಿಂತ ಕೆಲವೇ ವರ್ಷ ಮೊದಲು ಕಟ್ಟಿಸಿದ್ದು. ಹಳ್ಳಿ ಮತ್ತು ದೇವಸ್ಥಾನ ಎರಡೂ ಒಟ್ಟಿಗೆ ಬೇಕೆಂದು ಹೊರಟವರಿಗೆ ಇದಕ್ಕಿಂತ ಬೇರೇನು ಬೇಕು? ಅಲ್ಲೇನಿಲ್ಲ ಸಾರ್. ಹಳೇಬೀಡಿನ ಗುಡಿಯಿಂದ ಕೂಗಳತೆಯಲ್ಲಿ ಬಸ್ತಿಹಳ್ಳಿಯ ಮೂರು ಬಸದಿಗಳಿವೆ, ಅಲ್ಲಿನ ಪಾರ್ಶ್ವನಾಥ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಟೈಮಿಲ್ಲ ಸಾರ್. ಬೆಳಗೊಳದಲ್ಲಿ ಚಾವುಂಡರಾಯ ನಿಲ್ಲಿಸಿದ 57 ಅಡಿಯ ಗೊಮ್ಮಟನಿಗೆ ಕೈಮುಗಿದು ಇಳಿದವರು ಎದುರಿನ ಚಿಕ್ಕಬೆಟ್ಟದತ್ತ ಬೆರಳು ತೋರಿಸಿ ‘ಅದೇನು?’ ಎನ್ನುತ್ತಾರೆ. ಊರಿನ ಐನೂರಕ್ಕೂ ಹೆಚ್ಚು ಶಾಸನಗಳಲ್ಲಿ ಬಹಳಷ್ಟು ಆ ಪುಟ್ಟ ಬೆಟ್ಟದ ಮೇಲಿವೆ, ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳೂ ಅಲ್ಲಿವೆ. ಅದು ಚಿಕ್ಕದು ಸಾರ್, ದೊಡ್ಡದು ನೋಡಾಯ್ತಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು. ಅಂದಿನಿಂದ ಗೈಡಿನ ಭಾಷ್ಯಕ್ಕೆ ಒಂದು ವಾಕ್ಯ ಹೆಚ್ಚಾಗಿದೆ, ಪ್ರವಾಸಕ್ಕೆ ಒಂದು ಗಂಟೆ ಹೆಚ್ಚಾಗಿಲ್ಲ.

ಆದ್ದರಿಂದ ಈ ಪ್ರಬಂಧ ಓದಿದ ಅಧಿಕಾರಿಗಳಲ್ಲಿ ಎರಡು ವಿನಂತಿ. ಒಂದು, ಮೂರರಲ್ಲೊಂದು ತಾಣವನ್ನು ಕೈಬಿಡಿ, ಭಾವಮೈದುನ ಮುಂದಿನ ಡಿಸೆಂಬರಿಗೂ ಬರುತ್ತಾನೆ. ಎರಡು, ಬೇಲೂರಿನಲ್ಲಿ ಗೈಡ್ ಮದನಿಕೆಯ ಸೊಂಟ, ಕನ್ನಡಿ, ಕಾಲ್ಗೆಜ್ಜೆ ತೋರಿಸಿ ಮುಂದೆ ಹೊರಟಾಗ ನಿಲ್ಲಿಸಿ, ‘ಅವಳ ಕಾಲಡಿ ಏನೋ ಬರೆದಿದೆಯಲ್ಲ, ಅದನ್ನು ಓದಿ ಹೇಳಿ’ ಎನ್ನಿ. ಓದಿ ಹೇಳಿದರೆ ಅವನ ಸಂಭಾವನೆಯ ಮೇಲೆ ಇನ್ನೊಂದು ನೂರು ರೂಪಾಯಿ ಇಡಿ. ಹತ್ತು ಗಾಡಿಯವರು ಕೇಳಿದರೆ ಹನ್ನೊಂದನೆಯವರಿಗೆ ಅವನು ತಾನಾಗಿಯೇ ದಾಸೋಜನ ಹೆಸರು ಹೇಳುತ್ತಾನೆ.