ಸಾವ್ಕಾರ್ರ ರಾಯಚೂರು

ರಾಯಚೂರಿನ ಬಿಸಿಲನ್ನು ಬಯ್ಯುವ ಹಕ್ಕು ರಾಯಚೂರಿನವರಿಗೆ ಮಾತ್ರ. ತೀನ್ ಕಂದೀಲ್ ಹತ್ತಿರದ ಕಿರಾಣಿ ಅಂಗಡಿಯೊಂದರ ಸಾವ್ಕಾರ್ರು ಏಪ್ರಿಲ್ ತಿಂಗಳಿಡೀ ಹೆಗಲ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಸೂರ್ಯನಿಗೆ ಬಾಯಿಗೆ ಬಂದದ್ದನ್ನು ಅನ್ನುತ್ತಿರುತ್ತಾರೆ. ಅದೇ ಬೆಂಗಳೂರಿನಿಂದ ಬಂದವನೊಬ್ಬ "ಅಬ್ಬಾ, ಏನ್ ಸೆಕೆ ಸಾರ್ ನಿಮ್ಮೂರಲ್ಲಿ" ಎಂದನೋ, ಟವೆಲ್ಲು ತಟ್ಟನೆ ಹೆಗಲಿಗೆ ವಾಪಸು.

"ಇದು ಸೆಕಿ ಏನ್ರಿ ಸರ? ಇನ್ನಾ ಥಂಡಿ ಅದ. ಬಿಸಲ ನೋಡಬೇಕಂದ್ರ ಮೇ ತಿಂಗಳಾಗ ಬರ್ರಿ."

ಮದುವೆಗೆ ಕರೆದಷ್ಟೇ ಪ್ರೀತಿಯಿಂದ ಕರೆಯುತ್ತಾರೆ. ಪೇಪರಿನಲ್ಲಿ ಕಲಬುರಗಿಗೆ ಅರ್ಧ ಡಿಗ್ರಿ ಹೆಚ್ಚು ಎಂದು ಬಂದ ದಿನ ಅವರಿಗೆ ಊಟ ರುಚಿಸುವುದಿಲ್ಲ.

ಆ ಬೆಂಗಳೂರಿನವನು ಅಲ್ಲಿಗೆ ಸುಮ್ಮನಾದರೂ ಸಾವ್ಕಾರ್ರು ಸುಮ್ಮನಾಗುವುದಿಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ 1985ರಲ್ಲಿ ಶುರುವಾದದ್ದು, ಈಗಿರುವ ಎಂಟು ಘಟಕ, 1,720 ಮೆಗಾವಾಟ್, ಅದು ಸಾಲದೆಂದು ಯರಮರಸ್‌ನಲ್ಲಿ 800 ಮೆಗಾವಾಟಿನ ಇನ್ನೆರಡು, ಎಲ್ಲ ಬೆಲ್ಲದ ರೇಟು ಹೇಳಿದ ಹಾಗೆ ತಡವರಿಸದೆ ಬರುತ್ತದೆ. "ನಿಮ್ಮ ಬೆಂಗಳೂರಾಗ ಫ್ರಿಜ್ ತಣ್ಣಗ ಅದ ಅಂದ್ರ, ಇಲ್ಲಿ ನಾವು ಬೂದಿ ಕುಡೀಲಿಕತ್ತೀವಿ ಅಂತ ತಿಳ್ಕೊರಿ." ಹೀಗೆನ್ನುವಾಗಲೇ ಅಂಗಡಿಯ ಫ್ಯಾನು ನಿಲ್ಲುವುದುಂಟು. ಸಾವ್ಕಾರ್ರು ಅದಕ್ಕೂ ತಯಾರು. "ನೋಡ್ರಿ, ಈಗ ನಿಮ್ಮೂರಿಗೆ ಹೋತು!"

ಇಲ್ಲಿ ಮಾತು ಬದಲಿಸಲು ಕೋಟೆ ಇದೆ. ಕಾಕತೀಯರ ಕಾಲದ, 1294ರ ಶಾಸನವಿರುವ ಆ ಕೋಟೆಯ ಪಡುಗೋಡೆಯಲ್ಲಿ ನಲವತ್ತೊಂದು ಅಡಿಗೂ ಉದ್ದದ ಒಂದೇ ಒಂದು ಕಲ್ಲಿದೆ. ಅದನ್ನು ಬಂಡಿಯ ಮೇಲೆ ಹೇರಿ ಸಾಲುಸಾಲು ಕೋಣಗಳಿಂದ ಎಳೆಸಿಕೊಂಡು ಬಂದ ಚಿತ್ರವನ್ನು ಅಲ್ಲೇ ಗೀರಿದ್ದಾರೆ. ಬಂದವರು ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ. ಸಾವ್ಕಾರ್ರ ಕಣ್ಣು ಹೋಗುವುದು ಕೋಟೆ ಕಟ್ಟಿಸಿದ ಗೋರೆ ಗಂಗಯ್ಯನ ಖರ್ಚಿನ ಕಡೆಗೆ. ರಾಜೇಂದ್ರ ಗಂಜಿನಿಂದ ಬಂದ ಅಕ್ಕಿ ಚೀಲ ಇಳಿಸಲು ಹಮಾಲರೊಂದಿಗೆ ದಿನಾ ಗುದ್ದಾಡುವವರಿಗೆ ಇತಿಹಾಸ ಕಾಣುವುದೇ ಹಾಗೆ. "ಅಷ್ಟು ದೊಡ್ಡ ಕಲ್ಲಿಗೆ ಹಮಾಲಿ ಎಷ್ಟು ಕೊಟ್ಟಿರಬೇಕ್ರಿ? ಚಾದ ರೊಕ್ಕ ಬ್ಯಾರೆ!"

1520ರ ರಾಯಚೂರು ಯುದ್ಧ ಅವರ ಬಾಯಲ್ಲಿ ವ್ಯಾಪಾರಿಗಳ ವಿಜಯವಾಗಿಬಿಟ್ಟಿದೆ. ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನ ಸೈನ್ಯವನ್ನು ಸೋಲಿಸಿದ್ದನ್ನೂ ಕೋಟೆ ಹಿಡಿದದ್ದನ್ನೂ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಕೋವಿ ಹಿಡಿದು ಗೋಡೆಯ ಮೇಲಿನ ಕಾವಲಿನವರನ್ನು ಉರುಳಿಸಿ ದಾರಿ ಮಾಡಿಕೊಟ್ಟ ಕ್ರಿಸ್ಟೊವಾವ್ ದ ಫಿಗೆರೆದೊ ಕೂಡ ವಿಜಯನಗರಕ್ಕೆ ಬಂದದ್ದು ಕುದುರೆ ಮಾರಲಿಕ್ಕೇ. ಮಾರಿದವನೂ ವ್ಯಾಪಾರಿ, ಬರೆದವನೂ ವ್ಯಾಪಾರಿ. ಇಷ್ಟಾದ ಮೇಲೆ ರಾಯರ ಪಾಲಿಗೆ ಎಷ್ಟು ಕೀರ್ತಿ ಬಿಡಬೇಕು ಎಂಬುದು ಸಾವ್ಕಾರ್ರ ಮರ್ಜಿ. 1871ರಲ್ಲಿ ಬೊಂಬಾಯಿಯ ರೈಲು ಹಳಿ ಮತ್ತು ಮದ್ರಾಸಿನ ಹಳಿ ರಾಯಚೂರಿನಲ್ಲಿ ಕೂಡಿದ್ದನ್ನೂ ಅವರು ಅದೇ ಧಾಟಿಯಲ್ಲಿ ಹೇಳುತ್ತಾರೆ, ಎರಡೂ ಊರಿನವರು ತಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬಂದರೋ ಎಂಬಂತೆ.

ಊರು ಬದಲಾಗುತ್ತಿದೆ, ನಿಜ. ಗಲ್ಲಾದ ಪಕ್ಕ ಈಗ ಫೋನ್‌ಪೇ ಡಬ್ಬಿ ಕೂತಿದೆ. ಎದುರಿನ ಅಂಗಡಿಯವನು ಹೊರಗೆ ನಿಂತಿದ್ದರೆ ಅದರ ದನಿ ಹೆಚ್ಚಾಗುತ್ತದೆ, ಚಂದಾ ಕೇಳುವ ಹುಡುಗರು ಮೂಲೆಯಲ್ಲಿ ಕಂಡರೆ ತಾನಾಗಿ ಕಮ್ಮಿಯಾಗುತ್ತದೆ. ಗದ್ವಾಲಿನ ಗಿರಾಕಿಗೆ ತೆಲುಗು, ಪಕ್ಕದ ಗಲ್ಲಿಯ ಚಾಚಾಗೆ ಉರ್ದು, ಉಳಿದವರಿಗೆ ಕನ್ನಡ ಆಡುವ ಸಾವ್ಕಾರ್ರಿಗೆ, ಒಂದೇ ಭಾಷೆ ಮಾತಾಡುವ ಆ ಡಬ್ಬಿಯ ಮೇಲೆ ಸ್ವಲ್ಪ ಕನಿಕರ.

ದೊಡ್ಡ ಬದಲಾವಣೆಗಳ ಲೆಕ್ಕಕ್ಕೆ ಮಾತ್ರ ಉದ್ರಿ ಪುಸ್ತಕವೇ ಬೇಕು. ಅದರಲ್ಲಿ ಕಾಗದದ ಮೇಲಿಲ್ಲದ, ತಲೆಯಲ್ಲೇ ಇರುವ ಒಂದು ಖಾತೆ ಸರಕಾರದ್ದು. ಜಮಾ ಕಡೆ 2008ರ ಕೃಷಿ ವಿಶ್ವವಿದ್ಯಾಲಯ, ಸಂವಿಧಾನದ 371(ಜೆ) ಕಲಮಿನಿಂದ ಮೊಮ್ಮಗಳಿಗೆ ಸಿಕ್ಕ ಸೀಟು. ಬಾಕಿ ಕಡೆ ಪುಟ ಸಾಲದು. ನಂಜುಂಡಪ್ಪ ಸಮಿತಿ ರಾಯಚೂರಿಗೆ ಎಂದಿದ್ದ ಐಐಟಿ 2016ರಲ್ಲಿ ಧಾರವಾಡದಲ್ಲಿ ಇಳಿಯಿತು. "ಅವರಿಗೆ ಪೇಢೆ ಇತ್ತಲ್ರಿ, ಮತ್ತ ಇದ್ಯಾಕ?" ಬದಲಿಗೆ ಬಂದ ಐಐಐಟಿ 2019ರಲ್ಲಿ ಶುರುವಾಯಿತು, ಪಾಠ ನಡೆದದ್ದು ಹೈದರಾಬಾದ್ ಐಐಟಿಯ ಆವರಣದಲ್ಲಿ. ಆಗ ಊರ ಮೂರನೇ 'ಐ' ಹುಡುಕಿಕೊಂಡು ಬಸ್ಸು ಹತ್ತಬೇಕಾಗಿತ್ತು. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ಯಾವ ಗಿರಾಕಿಗೂ ಸಾವ್ಕಾರ್ರು ಅಷ್ಟು ದಿನ ಉದ್ರಿ ಬಿಟ್ಟವರಲ್ಲ.

2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಕೂಡಿದ ಸಚಿವ ಸಂಪುಟ ರಾಯಚೂರು ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡಲು ಒಪ್ಪಿತು. ಸುದ್ದಿ ಬಂದದ್ದೇ ತಡ ಸಾವ್ಕಾರ್ರು ಪೇಂಟರನ್ನು ಕರೆಸಿ ಬೋರ್ಡಿನ ಮೂಲೆಯಲ್ಲಿ "ರಾಯಚೂರು ಮಹಾನಗರ" ಎಂದು ಬರೆಸಿದರು. ಮಹಾನಗರವಾದರೆ ತೆರಿಗೆಯೂ ಮಹಾ ಆಗುತ್ತದೆ ಎಂದು ಎದುರಿನ ಅಂಗಡಿಯವನು ನೆನಪಿಸಿದ. ಬಣ್ಣ ಇನ್ನೂ ಹಸಿ ಇತ್ತು. ಅಳಿಸಲು ಮನಸ್ಸಾಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ತಮಾಷೆ ಮಾಡುವುದಿಲ್ಲ. ಅತ್ತ ಕೃಷ್ಣಾ, ಇತ್ತ ತುಂಗಭದ್ರಾ ಇರುವ ಊರಿನಲ್ಲಿ 2022ರ ಬೇಸಿಗೆಯಲ್ಲಿ ನಳದ ಕೆಟ್ಟ ನೀರು ಕುಡಿದು ಜನ ಸತ್ತರು. ಆ ಮಾತು ಬಂದಾಗ ಸಾವ್ಕಾರ್ರು ತಕ್ಕಡಿ ಒರೆಸುತ್ತಾರೆ. ಅಂಗಡಿಯ ಮುಂದಿನ ನೀರಿನ ಕ್ಯಾನಿಗೆ ಅವರು ರೊಕ್ಕ ತೆಗೆದುಕೊಳ್ಳುವುದಿಲ್ಲ.

ಅವರ ಅಭಿಮಾನಕ್ಕೆ ನಿಜವಾದ ಪರೀಕ್ಷೆ ಬೆಂಗಳೂರಿನವರಿಂದಲ್ಲ, ದೇವದುರ್ಗ ಮತ್ತು ಮಾನ್ವಿಯ ಗಿರಾಕಿಗಳಿಂದ. ಸಂತೆ ಸಾಮಾನಿಗೆಂದು ಬರುವ ಇಬ್ಬರೂ ಒಂದೇ ಹೊತ್ತಿಗೆ ಸಿಕ್ಕರೆ, ಮಂಡಾಳ ಒಗ್ಗರಣಿ, ಮಿರ್ಚಿ ತರಿಸಿಕೊಂಡು ಅಂಗಡಿ ಕಟ್ಟೆಯ ಮೇಲೇ ಜಗಳ ಶುರು. ಹೂವಿನಹೆಡಗಿ ಸೇತುವೆ ಮುಳುಗುವಷ್ಟು ನೀರು ತಮ್ಮ ಕಡೆ ಬರುತ್ತದೆ ಎಂದು ದೇವದುರ್ಗದವರ ಹೆಮ್ಮೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಕೂತು ಗೇಟಿನ ಕಡೆ ನೋಡುತ್ತಲೇ ಭತ್ತ ಬೆಳೆದವರು ತಾವೆಂದು ಮಾನ್ವಿಯವರ ಹೆಮ್ಮೆ. ಒಬ್ಬರಿಗೆ ನೀರು ಹೆಚ್ಚಾದ ಹೆಮ್ಮೆ, ಇನ್ನೊಬ್ಬರಿಗೆ ಕಮ್ಮಿಯಾದದ್ದು.

ಅಲ್ಲಿಂದ ಮಾತು ದಾಸರಿಗೆ ಹೊರಳುತ್ತದೆ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಜಗನ್ನಾಥದಾಸರು ಬ್ಯಾಗವಾಟದವರು. ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಎರಡಕ್ಕೆ ಒಂದು ಎಂದು ಮಾನ್ವಿಯವನು ಮಿರ್ಚಿ ಮುರಿಯುತ್ತಾನೆ. ದೇವದುರ್ಗದವನ ಹತ್ತಿರ ಐತಿಹ್ಯವೊಂದು ಸಿದ್ಧವಿರುತ್ತದೆ. ವಿಜಯದಾಸರ ಊಟಕ್ಕೆ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡ ಪಂಡಿತರಿಗೆ ನಿಜವಾಗಿಯೂ ಹೊಟ್ಟೆನೋವು ಬಂದು ಜೀವಕ್ಕೆ ಕುತ್ತಾದಾಗ, ಗೋಪಾಲದಾಸರು ತಮ್ಮ ಆಯುಷ್ಯದಿಂದ ನಲವತ್ತು ವರ್ಷ ತೆಗೆದುಕೊಟ್ಟರಂತೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರ ಬರೆದರು.

"ನಮ್ಮವರು ಕೊಡಲಿಲ್ಲಂದ್ರ ನಿಮ್ಮವರು ಎಲ್ಲಿರ್ತಿದ್ರಪ್ಪ?"

"ಅದಕ್ಕೇನು, ನಮ್ಮವರು ಬರೆದು ತೀರಿಸ್ಯಾರ!"

ಇಬ್ಬರೂ ಸಾವ್ಕಾರ್ರ ಕಡೆ ತಿರುಗುತ್ತಾರೆ. ಮೂವರು ದಾಸರಲ್ಲಿ ಒಬ್ಬರೂ ರಾಯಚೂರು ಪ್ಯಾಟೆಯವರಲ್ಲ. ಸಾವ್ಕಾರ್ರು ಕನ್ನಡಕ ಏರಿಸಿ, ಇಬ್ಬರ ಚೀಟಿಗಳನ್ನೂ ಎದುರಿಗಿಟ್ಟುಕೊಂಡು ಕೇಳುತ್ತಾರೆ.

"ಜಿಲ್ಲಾ ಯಾವುದ್ರೋ?"

"ರಾಯಚೂರು."

"ಮೂವರೂ ನಮ್ಮವರೇ. ಇನ್ನು, ದೇವದುರ್ಗದ ಅಣ್ಣಾ, ಆ ನಲವತ್ತು ವರ್ಷ ಬಿಡು. ನಿಂದು ದೀಪಾವಳಿ ಬಾಕಿ ಹಂಗೇ ಅದ. ಡಬ್ಬಿಗೆ ಹಾಕ್ತಿಯೋ, ಗಲ್ಲಾಕ್ಕೋ?"