ಆರು ಮನೆಯ ಡಬ್ಬಿ

ಹಂಗಳದಲ್ಲಿ ಖಾಲಿ ಜಾಗವನ್ನು ಖಾಲಿ ಬಿಡುವ ಪದ್ಧತಿ ಇಲ್ಲ. ಊಟಿ ರಸ್ತೆಯ ಬದಿಗೆ ನಾಲ್ಕಡಿ ಸಿಕ್ಕರೆ ಎಳನೀರು, ಮೂರಡಿ ಸಿಕ್ಕರೆ ಕಲ್ಲಂಗಡಿ, ಒಂದೇ ಅಡಿ ಸಿಕ್ಕರೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಇಂಥ ಊರಿನಲ್ಲಿದ್ದುಕೊಂಡು ನಾನು ಬೈಕಿನ ಸೀಟಿನಡಿ ಆರು ಮನೆಯ ಫ್ಯೂಸ್ ಡಬ್ಬಿ ಕೂರಿಸಿ, ಎರಡು ಮನೆಗೆ ಮಾತ್ರ ಫ್ಯೂಸ್ ಹಾಕಿ, ಉಳಿದ ನಾಲ್ಕನ್ನು ಹಾಗೇ ಬಿಟ್ಟೆ. ವಿಷಯ ಊರಿಗೆ ಗೊತ್ತಾದಂದಿನಿಂದ ಬೈಕು ನನ್ನ ಹೆಸರಿನಲ್ಲಿದೆ, ಡಬ್ಬಿ ಸಾರ್ವಜನಿಕರದಾಗಿದೆ.

ಡಬ್ಬಿ ನೋಡಲು ಏನೂ ಅಲ್ಲ. ಅಂಗೈಯಗಲದ ಕರಿ ಪ್ಲಾಸ್ಟಿಕ್ಕು, ಒಳಗೆಲ್ಲ ಕಾಣುವಂಥ ಮುಚ್ಚಳ, ಎರಡು ಸಾಲು ಸ್ಕ್ರೂ. ಬೈಕಿನ ಕಂಪನಿಯವರೂ ಫ್ಯೂಸು ಕೊಟ್ಟೇ ಇರುತ್ತಾರೆ. ಆದರೆ ಅದು ಅವರು ಕೊಟ್ಟ ದೀಪಕ್ಕೆ, ಅವರು ಕೊಟ್ಟ ಹಾರ್ನಿಗೆ. ನಾವು ಆಮೇಲೆ ಆಸೆಪಟ್ಟು ಹಾಕಿಸುವ ಸಾಮಾನಿಗೆ ಕರೆಂಟು ಎಲ್ಲಿಂದ? ಅದಕ್ಕೆ ನಮ್ಮ ಕಡೆಯ ಉತ್ತರ, ‘ಲೈನ್ ಎಳ್ಕಳದು’. ಹಾರ್ನಿನ ವೈರನ್ನು ಬ್ಲೇಡಿನಲ್ಲಿ ಕೆರೆದು, ಹೊಸ ವೈರಿನ ತುದಿಯನ್ನು ಹಲ್ಲಿನಲ್ಲಿ ಸುಲಿದು, ಎರಡನ್ನೂ ಹೊಸೆದು, ಕರಿ ಟೇಪು ಸುತ್ತಿದರೆ ಮುಗಿಯಿತು. ಮುಂದಿನ ಸಾಮಾನಿಗೆ ಅದೇ ಗಂಟಿನ ಮೇಲೆ ಇನ್ನೊಂದು ಗಂಟು. ಹೀಗೆ ಗಂಟು ಬೆಳೆಸಿಕೊಂಡ ಬೈಕುಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದರಲ್ಲಿ ಹಾರ್ನ್ ಒತ್ತಿದರೆ ಇಂಡಿಕೇಟರ್ ಕಣ್ಣು ಹೊಡೆಯುತ್ತದೆ. ಇನ್ನೊಂದರಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಮೊಬೈಲು ಚಾರ್ಜ್ ಆಗುವುದನ್ನು ನಿಲ್ಲಿಸಿ, ಸವಾರನ ಜೊತೆ ತಾನೂ ಉಸಿರು ಬಿಗಿಹಿಡಿಯುತ್ತದೆ.

ನನ್ನ ಡಬ್ಬಿಯ ಏರ್ಪಾಡು ಬೇರೆ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ದಪ್ಪ ವೈರು, ಬ್ಯಾಟರಿಯ ಮಗ್ಗುಲಲ್ಲೇ ಅದಕ್ಕೆ 30 ಆಂಪಿಯರಿನ ಹಿರಿಯ ಫ್ಯೂಸು, ಅಲ್ಲಿಂದ ರಿಲೇ, ರಿಲೇಯಿಂದ ಡಬ್ಬಿ. ರಿಲೇಗೆ ನಾಲ್ಕು ಕಾಲು. ಅವಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಹೆಸರಿಟ್ಟಿದ್ದರೆ ಯಾರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಜರ್ಮನ್ನರು ಡಿಐಎನ್ 72552 ಎಂಬ ಮಾನದಂಡ ಮಾಡಿ 30, 85, 86, 87 ಎಂದು ಕರೆದಿದ್ದಾರೆ. ಕೀ ತಿರುಗಿಸಿದಾಗ 85, 86ಕ್ಕೆ ಹಿಂದಿನ ದೀಪದ ವೈರಿನಿಂದ ಚೂರೇ ಚೂರು ಕರೆಂಟು ಹೋಗಿ, ಅವು ಸುದ್ದಿ ಮುಟ್ಟಿಸಿದ ಮೇಲೆ 30ಕ್ಕೂ 87ಕ್ಕೂ ಸಂಬಂಧ ಕೂಡುತ್ತದೆ. ಕೀ ತೆಗೆದರೆ ಸಂಬಂಧ ಮುರಿಯುತ್ತದೆ. ಹೀಗಾಗಿ ಬೈಕು ನಿಲ್ಲಿಸಿ ಮದುವೆ ಊಟಕ್ಕೆ ಹೋದಾಗ ಚಾರ್ಜರು ಹೊರಗೆ ಕೂತು ಬ್ಯಾಟರಿ ಕುಡಿಯುವ ಪ್ರಶ್ನೆಯೇ ಇಲ್ಲ.

ಇದನ್ನೆಲ್ಲ ಗುಂಡ್ಲುಪೇಟೆಯ ಮೆಕ್ಯಾನಿಕ್ ಮುಂದೆ ವಿವರಿಸಿದಾಗ ಆತ ಬಹಳ ಹೊತ್ತು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಸಾ, ಇದೆಲ್ಲ ಯಾಕ? ಹಾರ್ನ್ ವೈರ್‌ಗೇ ಕೊಟ್ಬುಡ್ತೀನಿ, ಐದ್ ನಿಮಿಸ” ಎಂದ. ಫ್ಯೂಸ್ ಹೋದರೆ ಏನಪ್ಪಾ ಎಂದೆ. ಅಂಗಿ ಜೇಬಿನಿಂದ ಸಿಗರೇಟು ಪ್ಯಾಕು ತೆಗೆದು ಒಳಗಿನ ಬೆಳ್ಳಿ ಕಾಗದ ತೋರಿಸಿದ. ಆ ಕಾಗದ ಸುತ್ತಿದ ಫ್ಯೂಸು ಜನ್ಮಕ್ಕೆ ಸುಡುವುದಿಲ್ಲ, ನಿಜ. ಅದರ ಬದಲಿಗೆ ವೈರು ಸುಡುತ್ತದೆ, ವೈರು ಹೋಗುವುದು ಪೆಟ್ರೋಲ್ ಟ್ಯಾಂಕಿನ ಹೊಟ್ಟೆಯ ಕೆಳಗೆ. ಫ್ಯೂಸು ಕಾಯುವುದು ಚಾರ್ಜರನ್ನೂ ಅಲ್ಲ, ದೀಪವನ್ನೂ ಅಲ್ಲ, ವೈರನ್ನು ಎಂದು ಹೇಳಿದೆ. “ವೈರ್ ಏನ್ ಸಾ, ಮೀಟರ್‌ಗ ಹತ್ರೂಪಾಯಿ, ಅದುನ್ ಕಾಯಕ್ ಇಷ್ಟ್ ದೊಡ್ ಡಬ್ಬಿಯಾ?” ಎಂದ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಆತನ ಮಾತಿಗೆ ಎದುರಾಡುವುದು ಕಷ್ಟ. ಆದರೂ ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿಕೊಟ್ಟ. ಟೇಪು ಸುತ್ತಲು ಎಲ್ಲೂ ಅವಕಾಶ ಸಿಗಲಿಲ್ಲವಲ್ಲ ಎಂಬ ಬೇಸರಕ್ಕೆ ಕೊನೆಯಲ್ಲಿ ಡಬ್ಬಿಯ ಮೇಲೆಯೇ ಎರಡು ಸುತ್ತು ಸುತ್ತಿದ.

ನಮ್ಮ ತಂದೆಗೆ ಈ ಡಬ್ಬಿಯ ಮೇಲೆ ಸಿದ್ಧಾಂತದ ವಿರೋಧ. ಅವರು ಓಡಿಸಿದ್ದು ಜಾವಾ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಗಾಡಿ. 1996ರಲ್ಲಿ ಕಾರ್ಖಾನೆಗೆ ಬೀಗ ಬಿದ್ದರೂ ಅವರ ಮಾತಿನಲ್ಲಿ ಅದಿನ್ನೂ ಮೂರು ಪಾಳಿಯಲ್ಲಿ ನಡೆಯುತ್ತಿದೆ. ಕಿಕ್ಕರ್ರೇ ಗೇರು, ಗೇರೇ ಕಿಕ್ಕರ್ರು. ಒಂದೇ ಸಲಾಕೆಯಲ್ಲಿ ಎರಡು ಕೆಲಸ. ಆರು ವೋಲ್ಟಿನ ಬ್ಯಾಟರಿ, 45 ವ್ಯಾಟಿನ ಡೈನಮೋ. ಇವತ್ತು ನಾವು ಒಂದು ಫೋನಿಗೆ ಕೊಡುವ ಚಾರ್ಜರು ಹೆಚ್ಚುಕಡಿಮೆ ಅಷ್ಟೇ ವ್ಯಾಟ್ ಎಂದರೆ ಅವರಿಗೆ ಕೋಪ ಬರುತ್ತದೆ. ಆ 45ರಲ್ಲೇ ಮುಂದಿನ ದೀಪ, ಹಿಂದಿನ ದೀಪ, ಹಾರ್ನು, ಪ್ಲಗ್ಗಿನ ಕಿಡಿ, ಎಲ್ಲ ನಡೆಯಬೇಕು. ಗಾಡಿ ನಿಧಾನವಾದರೆ ದೀಪ ಮಂಕಾಗುತ್ತಿತ್ತು. ರಸ್ತೆ ಕಾಣಬೇಕೆಂದರೆ ಜೋರಾಗಿ ಹೋಗಬೇಕು, ಕಾಣದ ರಸ್ತೆಯಲ್ಲಿ ಜೋರಾಗಿ ಹೋಗಬಾರದು. ಈ ಸಂದಿಗ್ಧದಲ್ಲೇ ಅವರು ತೆರಕಣಾಂಬಿ ಸಂತೆಯಿಂದ ಕತ್ತಲಲ್ಲಿ ಎಷ್ಟೋ ಸಲ ಮನೆ ಸೇರಿದ್ದಾರೆ. “ನಮ್ ಗಾಡಿಗ ಕರೆಂಟ್ ಇರ್ನಿಲ್ಲ, ಧೈರ್ಯ ಇತ್ತು” ಎನ್ನುತ್ತಾರೆ.

ಈಗ ನೋಡಿದರೆ, 2017ರ ಏಪ್ರಿಲ್‌ನಿಂದ ಬಂದ ಬೈಕುಗಳ ಮುಂದಿನ ದೀಪ ಹಗಲೂ ಆರುವುದಿಲ್ಲ. ಸ್ವಿಚ್ಚೇ ಇಲ್ಲ. ಹಾಗಾಗಿ ಹಂಗಳದಿಂದ ಗುಂಡ್ಲುಪೇಟೆ ಮುಟ್ಟುವುದರೊಳಗೆ ಎದುರು ಬರುವ ಕರುಣಾಳುಗಳೆಲ್ಲ ಐದು ಬೆರಳು ಅರಳಿಸಿ ಮುಚ್ಚಿ, ‘ಲೈಟು, ಲೈಟು’ ಎಂದು ಸನ್ನೆ ಮಾಡುತ್ತಾರೆ. ಮೊದಮೊದಲು ಸ್ವಿಚ್ಚಿಲ್ಲ ಎಂದು ತಲೆಯಾಡಿಸುತ್ತಿದ್ದೆ. ಈಗ ಎಡಗೈ ಎತ್ತಿ ನಮಸ್ಕಾರ ಮಾಡುತ್ತೇನೆ. ಕೆಲವರು ನನ್ನನ್ನು ಚುನಾವಣೆಗೆ ನಿಲ್ಲುವವನೆಂದು ತಿಳಿದಿದ್ದಾರೆ.

ಇನ್ನು ಮನೆ ತುಂಬಿಸುವ ಮಾತು. ಮೊದಲ ಮನೆ ಚಾರ್ಜರಿನದು, ಅದರಲ್ಲಿ ಐದು ಆಂಪಿಯರಿನ ಫ್ಯೂಸು. ಎರಡನೆಯದು ಫಾಗ್ ಲೈಟಿನದು. ಕೆಂಪು ಫ್ಯೂಸು, ಹತ್ತು ಆಂಪಿಯರ್. ಫಾಗ್ ಲೈಟು ಹಾಕಿಸಿದ್ದು ಬಂಡೀಪುರದ ಕಾಡು ರಸ್ತೆಗೆಂದು. ಆ ರಸ್ತೆಯಾದರೋ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ಬೆಳಗ್ಗೆ ಆರಕ್ಕೆ ತೆರೆಯುತ್ತದೆ. 2009ರಿಂದ ಹೀಗೆ. ಇತ್ತ ಮೇಲುಕಾಮನಹಳ್ಳಿಯಲ್ಲಿ ಊಟಿ ರಸ್ತೆಗೆ ಗೇಟು, ಅತ್ತ ಮದ್ದೂರಿನಲ್ಲಿ ಕೇರಳದ ರಸ್ತೆಗೆ ಗೇಟು. ಆಂಬುಲೆನ್ಸು, ಲೆಕ್ಕದ ಕೆಲವು ಬಸ್ಸು ಬಿಟ್ಟರೆ ರಾತ್ರಿಯ ರಸ್ತೆ ಆನೆ, ಕಾಟಿ, ಜಿಂಕೆಗಳದು. ಅವು ಲೈಟಿಲ್ಲದೆ ಓಡಾಡಿ ರೂಢಿಯಾದವು. ಅಂದರೆ ನಡುರಾತ್ರಿಯ ಕತ್ತಲಿಗೆ ನನ್ನನ್ನು ಬಿಡುವುದಿಲ್ಲ, ನಾನು ಹೋಗುವ ಹೊತ್ತಿಗೆ ಕತ್ತಲಿರುವುದಿಲ್ಲ. ಧನುರ್ಮಾಸದಲ್ಲಿ ಗೇಟು ತೆಗೆದ ಮೇಲೆ ಅರ್ಧ ಗಂಟೆ ಮಂಜು ಉಳಿದಿರುತ್ತದೆ, ಆಗ ದೀಪಕ್ಕೆ ಸಾರ್ಥಕವಾಗುತ್ತದೆ. ಆ ಅರ್ಧ ಗಂಟೆಯಲ್ಲೂ ಅದು ಬೆಳಗುವುದು ಮುಂದಿರುವ ತರಕಾರಿ ಲಾರಿಯ ಹಿಂಬದಿಯನ್ನು. ಟೊಮೆಟೊ ಕ್ರೇಟುಗಳನ್ನು ಅಷ್ಟು ಪ್ರಖರವಾಗಿ ಕಂಡವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು.

ಭಾನುವಾರ ಬೆಂಗಳೂರಿನಿಂದ ಬರುವ ಬೈಕುಗಳ ಮುಂದೆ ನನ್ನದೇನೂ ಅಲ್ಲ. ನಡುರಾತ್ರಿ ಎದ್ದು, ಮೈಸೂರು ದಾಟಿ, ಆರಕ್ಕೆ ಗೇಟಿನಲ್ಲಿರಬೇಕೆಂದು ಹೊರಟು ಬರುತ್ತಾರೆ. ಮೂತಿಯಲ್ಲಿ ಎರಡು, ಎಂಜಿನ್ ಕಾವಲು ಕಂಬಿಯಲ್ಲಿ ಎರಡು, ಫೋರ್ಕಿನಲ್ಲಿ ಎರಡು ದೀಪ. ನಮ್ಮೂರಿನ ಟೀ ಅಂಗಡಿ ಮುಂದೆ ಅವರು ಸಾಲಾಗಿ ನಿಂತರೆ ಕೋಳಿಗಳು ಮತ್ತೊಮ್ಮೆ ಕೂಗುತ್ತವೆ. ಮುಂಗಾರಿನಲ್ಲಾದರೆ ಅವರು ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವರ ಕಥೆ ಇನ್ನೂ ಸ್ವಾರಸ್ಯ. ಹಂಗಳದಲ್ಲಿ ತಿರುಗಿ, ಇಷ್ಟೆಲ್ಲ ದೀಪ, ಕ್ಯಾಮೆರಾ, ಜಿಪಿಎಸ್ಸಿನ ಸಮೇತ ಬೆಟ್ಟದ ಬುಡ ಸೇರಿದರೆ, ಅಲ್ಲಿಂದ ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. 1454 ಮೀಟರ್ ಎತ್ತರದ ದೇವರ ಸನ್ನಿಧಿಗೆ ಎಲ್ಲರೂ ಟಿಕೆಟು ಹಿಡಿದು, ಕಂಬಿ ಹಿಡಿದು, ಸಮಾನರಾಗಿ ಹೋಗಬೇಕು. ಬುಡದಲ್ಲಿ ಬೈಕುಗಳು ಹೆಲ್ಮೆಟ್ಟು ಹೊತ್ತುಕೊಂಡು ಕಾಯುತ್ತವೆ.

ಮೂರನೆಯ ಮನೆಗೆ ಬಂದ ಮೊದಲ ಅರ್ಜಿ ಹಾರ್ನಿನದು. ನನ್ನ ಸೋದರಮಾವನಿಗೆ ಬಸ್ಸಿನ ರಾಗದ ಹಾರ್ನು ಎಂದರೆ ಪ್ರಾಣ. 1989ರ ಮೋಟಾರು ವಾಹನ ನಿಯಮಗಳು ಹಲವು ಸ್ವರದ ಹಾರ್ನನ್ನು ಒಪ್ಪುವುದಿಲ್ಲ, ಕಾಡಿನಲ್ಲಂತೂ ಹಾರ್ನನ್ನೇ ಮಾಡಬಾರದು ಎಂದು ಬೋರ್ಡಿದೆ ಎಂದೆ. “ಕಾಡ್ನಲ್ ಬ್ಯಾಡ ಕನಪ್ಪ, ನಮ್ ಬೀದಿಲ್ ಹೊಡೀ” ಎಂದ. ನಮ್ಮ ಬೀದಿಯಲ್ಲಿ ಹಾರ್ನಿಗೆ ಜಗ್ಗುವ ಜೀವಿ ಒಂದೂ ಇಲ್ಲ. ಎಮ್ಮೆಗಳಿಗೆ ಅದು ಮಂಗಳವಾದ್ಯ. ಜಿಪಿಎಸ್ ಹಾಕಿಸು ಎಂದವನು ಬೆಂಗಳೂರಿನಲ್ಲಿರುವ ಭಾವಮೈದ. ಹಂಗಳದಿಂದ ಊಟಿಯ ಕಡೆಗೆ ಒಂದೇ ರಸ್ತೆ, ಅದೂ ಎರಡೂ ಕಡೆ ಕಾಡು. ದಾರಿ ತಪ್ಪಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಊಟಿಯ ಚಳಿಗೆ ಹ್ಯಾಂಡಲ್ ಬಿಸಿ ಮಾಡುವ ಹಿಡಿ ಸಿಗುತ್ತದೆ ಎಂದೂ ಅವನೇ ಹೇಳಿದ. ಆ ಮಾತು ಕೇಳಿದ ಮನೆಯವಳು ಒಂದು ಜೊತೆ ಉಣ್ಣೆಯ ಕೈಗವಸು ತಂದು ಮೇಜಿನ ಮೇಲಿಟ್ಟಳು. ಅದಕ್ಕೆ ಫ್ಯೂಸು ಬೇಡ.

ಎಲ್ಲಕ್ಕಿಂತ ದೇಶಾಭಿಮಾನದ ಸಲಹೆ ಬಂದದ್ದು ಹುಡುಗರಿಂದ. ಫ್ಯೂಸಿಗೆಲ್ಲ ಬಣ್ಣವಿದೆಯಲ್ಲ: ಹತ್ತಕ್ಕೆ ಕೆಂಪು, ಹದಿನೈದಕ್ಕೆ ನೀಲಿ, ಇಪ್ಪತ್ತಕ್ಕೆ ಹಳದಿ, ಮೂವತ್ತಕ್ಕೆ ಹಸಿರು. ರಾಜ್ಯೋತ್ಸವಕ್ಕೆ ಖಾಲಿ ಮನೆಗಳಲ್ಲಿ ಮೇಲೆ ಎರಡು ಇಪ್ಪತ್ತು, ಕೆಳಗೆ ಎರಡು ಹತ್ತು ಹಾಕಿದರೆ ಬಾವುಟವಾಗುತ್ತದೆ ಎಂದರು. ಏನಕ್ಕೂ ಲೈನ್ ಕೊಡದೆ ಸುಮ್ಮನೆ ಫ್ಯೂಸು ಹಾಕುವುದೇ ಎಂದು ಕೇಳಿದೆ. “ಪಂಚಾಯ್ತಿ ಬೀದಿ ದೀಪದ್ ಕಂಬ್ವೂ ಹಂಗೇ ಅವ ಅಲ್ವಾ ಸಾ?” ಎಂದರು. ನವೆಂಬರ್ ಪೂರ್ತಿ ನನ್ನ ಸೀಟಿನಡಿ ಕನ್ನಡ ಬಾವುಟ ಇತ್ತು. ಮುಚ್ಚಳದೊಳಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು.

ಖಾಲಿ ಮನೆ ಏಕೆ ಬೇಕು ಎಂದು ಎಲ್ಲರಿಗೂ ತಿಳಿಸಲು ನಾನು ಪಟ್ಟ ಪಾಡು ಹೇಳತೀರದು. ಆಲ್ಟರ್ನೇಟರ್ ಹುಟ್ಟಿಸುವುದೇ ಇನ್ನೂರು ಚಿಲ್ಲರೆ ವ್ಯಾಟು. ಅದರಲ್ಲಿ ಬೈಕಿನ ಸ್ವಂತ ಸಂಸಾರಕ್ಕೆ, ಅಂದರೆ ಇಂಜೆಕ್ಷನ್ನು, ಪೆಟ್ರೋಲ್ ಪಂಪು, ದೀಪ, ಎಬಿಎಸ್ಸಿಗೆ, ಬಹುಪಾಲು ಖರ್ಚು. ಉಳಿದದ್ದರಲ್ಲಿ ನನ್ನ ಶೋಕಿ. ಮನೆ ಆರಿದೆ ಎಂದು ಆರೂ ಮನೆಗೆ ಒಟ್ಟಿಗೆ ಒಲೆ ಹಚ್ಚಲಾಗದು. ಈ ಲೆಕ್ಕವನ್ನು ನಿಂತ ಜಾಗದಲ್ಲೇ ಗ್ರಹಿಸಿದವರು ಪಂಪ್‌ಸೆಟ್ ಇರುವ ರೈತರು ಮಾತ್ರ. ತ್ರೀ ಫೇಸು ಯಾವ ಸರಿರಾತ್ರಿಗೆ ಬರುತ್ತದೋ ಎಂದು ಕಾದು ಕೂತವರಿಗೆ, ಸ್ವಿಚ್ಚು ಇರುವುದೇ ಬೇರೆ, ಕರೆಂಟು ಇರುವುದೇ ಬೇರೆ ಎಂದು ಯಾರೂ ಪಾಠ ಹೇಳಬೇಕಿಲ್ಲ.

ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿ, ಹುಟ್ಟಿದ ಕೂಡಲೇ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಹೋದದ್ದು ಇನ್ನೂ ಪೂರ್ತಿ ವಾಪಸು ಬಂದಿಲ್ಲ ಎಂಬುದು ಮಳೆಗಾಲದಲ್ಲಿ ಹಂಗಳದವರ ನಂಬಿಕೆ. ಗಾಳಿಗೆ ಒಂದು ಕೊಂಬೆ ಬಿದ್ದರೆ ಊರು ಕತ್ತಲು. ಹೋದ ಮಳೆಗಾಲದಲ್ಲಿ ಹಾಗೆ ಎರಡು ದಿನ ಕರೆಂಟಿಲ್ಲದಾಗ ನನ್ನ ಮೊದಲನೇ ಮನೆಗೆ ಭಾಗ್ಯ ಬಂತು. ಆನೆ ಕಾವಲಿಗೆ ಹೊಲಕ್ಕೆ ಹೋಗುವವರು ಟಾರ್ಚು ತಂದರು, ಕಾಲೇಜು ಹುಡುಗಿಯರು ಫೋನು ತಂದರು, ಅಂಚೆಯಲ್ಲಿ ಬಂದ ಕಾಗದದಂತೆ ಎಲ್ಲದರ ಮೇಲೂ ಹೆಸರು ಬರೆದ ಚೀಟಿ. ಬೈಕು ಅಂಗಳದಲ್ಲಿ ನಿಂತಲ್ಲೇ ಓಡಿತು. ಪೆಟ್ರೋಲಿಗೆಂದು ಯಾರೋ ಸೋರೆಕಾಯಿ ಕೊಟ್ಟರು, ಇನ್ನೊಬ್ಬರು ಒಂದು ಸೇರು ಅವರೆಕಾಳು. ತಂದೆಯವರು ಅರ್ಧ ದಿನ ಮುಖ ತಿರುಗಿಸಿಕೊಂಡು ಕೂತಿದ್ದು, ಆಮೇಲೆ ತಮ್ಮ ರೇಡಿಯೋ ಹಿಡಿದು ಸರದಿಯಲ್ಲಿ ನಿಂತರು. ಜಾವಾ ಇದ್ದಿದ್ದರೆ ಈ ಕ್ಯೂ ಇರುತ್ತಿರಲಿಲ್ಲ ಎಂದು ಹಿಂದಿದ್ದವರಿಗೆ ಹೇಳುತ್ತಿದ್ದರು.

ಸಂಜೆ ಪಕ್ಕದ ಮನೆಯ ಅಜ್ಜಿ ಬಂದು ಡಬ್ಬಿಯ ಮೂರನೆಯ ಮನೆಯನ್ನು ಬೆರಳಿನಿಂದ ಮುಟ್ಟಿ ನೋಡಿತು.

“ಇದ್ರಲ್ ಯಾರೂ ಇಲ್ವಾ ಕೂಸೇ?”

“ಇಲ್ಲಜ್ಜಿ, ಖಾಲಿ.”

“ಹಂಗಾರ ನಮ್ ಮಿಕ್ಸಿ ಇಕ್ಕು. ಚಟ್ನಿ ರುಬ್ಬುಬೇಕು.”

ಮಿಕ್ಸಿ 750 ವ್ಯಾಟು. ಹನ್ನೆರಡು ವೋಲ್ಟಿನಲ್ಲಿ ಅದಕ್ಕೆ ಅರವತ್ತೆರಡೂವರೆ ಆಂಪಿಯರ್ ಬೇಕು, ಇಡೀ ಡಬ್ಬಿಯ ಹಿರಿಯ ಫ್ಯೂಸೇ ಮೂವತ್ತರದು, ಅರ್ಧಕ್ಕೂ ಸಾಲದು ಎಂದು ಬೆರಳು ಮಡಚಿ, ಬಿಡಿಸಿ, ಸಾವಧಾನವಾಗಿ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ತೂಗಿ ನೋಡಿ, ಸೆರಗಿನೊಳಗಿಂದ ತೆಂಗಿನಕಾಯಿಯ ಎರಡು ಹೋಳು ತೆಗೆದು, ಒಂದನ್ನು ವಾಪಸು ಇಟ್ಟುಕೊಂಡಿತು.

“ಹಂಗಾರ ಅರ್ಧ ಹೋಳಿಂದೇ ರುಬ್ಬು.”