ಒಂದು ಲೋಟ ನೀರಿನ ರಾದ್ಧಾಂತ

ಕಳೆದ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಒಂದು ಕನ್ನಡ ಮನೆಯಲ್ಲಿ ಅಜ್ಜಿ ಒಂದು ಲೋಟ ನೀರು ಕೇಳಿದರು. ನಡೆದದ್ದು ಇಷ್ಟೇ. ಆದರೆ ಆ ನೀರಿನ ಅಲೆ ತಿಪಟೂರು, ಮೈಸೂರು, ಮೆಲ್ಬರ್ನ್ ಮುಟ್ಟಿ ವಾಪಸು ಬಂದು ಇನ್ನೂ ಎಡಿಸನ್ನಿನ ಅಡುಗೆಮನೆಯಲ್ಲೇ ನಿಂತಿದೆ.

ಅಜ್ಜಿ ನೀರು ಕೇಳಿದ್ದು ಮೊಮ್ಮಗಳು ಪುಟ್ಟಿಯನ್ನು. ಪುಟ್ಟಿ ಬೆಳಿಗ್ಗೆ ಏಳಕ್ಕೇ ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ವಾಲಂಟಿಯರ್ ಕೆಲಸ ಮಾಡಿ ಬಂದು, ಕೊರಳಿನ ಬ್ಯಾಡ್ಜನ್ನೂ ತೆಗೆಯದೆ, ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ಪುಸ್ತಕವನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ಸೋಫಾದಲ್ಲಿ ಗಾಢ ನಿದ್ದೆಯಲ್ಲಿದ್ದಳು. “ಪುಟ್ಟೀ, ಒಂದು ಲೋಟ ನೀರು ಕೊಡೇ” ಅಂದರು ಅಜ್ಜಿ. ಪುಟ್ಟಿ ಕಣ್ಣು ಬಿಡಲಿಲ್ಲ. ಆದರೆ ಮುಖದ ತುಂಬ ನಗು ಬಂತು. ಮನೆಯವರಾರೂ ಈ ಜನ್ಮದಲ್ಲಿ ಕೇಳಿರದಷ್ಟು ನಯವಾದ ದನಿಯಲ್ಲಿ, ಇಂಗ್ಲಿಷಿನಲ್ಲಿ ಅವಳು ಹೇಳಿದ್ದರ ಸಾರಾಂಶ ಇದು: “ಕ್ಷಮಿಸಿ ಮ್ಯಾಮ್, ನಾನು ಬರೀ ವಾಲಂಟಿಯರ್. ನಿಮಗೆ ನೀರು ಕೊಡುವ ಹಾಗಿಲ್ಲ. ಈಗಲೇ ನಿಮ್ಮ ನರ್ಸನ್ನು ಕರೀತೀನಿ.” ಹೇಳಿ, ಮಗ್ಗುಲಾಗಿ, ಗೊರಕೆ ಶುರುಮಾಡಿದಳು.

ಆ ಹೊತ್ತಿನಲ್ಲಿ ಮನೆಯಲ್ಲಿ ನರ್ಸ್ ಅನ್ನಿಸಿಕೊಳ್ಳಬಹುದಾಗಿದ್ದ ಏಕೈಕ ವ್ಯಕ್ತಿ ಸೊಸೆ. ಆಕೆ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

ನ್ಯಾಯವಾಗಿ ನೋಡಿದರೆ ಪುಟ್ಟಿ ಹೇಳಿದ್ದರಲ್ಲಿ ತಪ್ಪಿಲ್ಲ. ಆಸ್ಪತ್ರೆಯ ವಾಲಂಟಿಯರುಗಳಿಗೆ ಮೊದಲ ದಿನವೇ ತಲೆಗೆ ತುಂಬುವ ಪಾಠ ಅದು: ರೋಗಿ ನೀರು ಕೇಳಿದರೆ ನರ್ಸನ್ನು ಕೇಳದೆ ಕೊಡಬೇಡಿ. ಅವರಿಗೆ ಆಪರೇಷನ್‌ಗೆ ಮುಂಚಿನ ಉಪವಾಸ ಇರಬಹುದು. ನುಂಗುವುದೇ ಕಷ್ಟವಾಗಿ, ಕುಡಿದ ನೀರು ಶ್ವಾಸಕೋಶಕ್ಕೆ ಇಳಿಯುವ ಸ್ಥಿತಿ ಇರಬಹುದು. ಆದ್ದರಿಂದ ಪುಟ್ಟಿಯ ಕೈಗೆ ಬರುವುದು ಗಾಲಿಕುರ್ಚಿ ತಳ್ಳುವುದು, ದಾರಿ ತೋರಿಸುವುದು, ಬೆಚ್ಚಗಿನ ಬ್ಲಾಂಕೆಟ್ ತಂದು ಹೊದಿಸುವುದು. ಬ್ಲಾಂಕೆಟ್ ಬಿಸಿ ಮಾಡಲೆಂದೇ ಅಲ್ಲಿ ಒಂದು ಬೀರು ಇದೆ ಎಂದು ಕೇಳಿದ ದಿನ ಅಜ್ಜಿ ಬಹಳ ಹೊತ್ತು ಮಾತಾಡಿರಲಿಲ್ಲ. ಈ ಮನೆಯಲ್ಲಿ ಅವರ ರಗ್ಗು ಮಡಿಸುವವರೂ ಅವರೇ, ಹೊದೆಯುವವರೂ ಅವರೇ.

ಪುಟ್ಟಿಯ ಅಪ್ಪನಿಗಂತೂ ಹೆಮ್ಮೆ. “ನಿದ್ದೇಲೂ ರೂಲ್ಸ್ ಮರೀಲಿಲ್ಲ ನೋಡಮ್ಮ” ಎಂದರು. ಅದನ್ನು ಆಗ ಹೇಳಬಾರದಿತ್ತು.

ಅಜ್ಜಿ ತಿಪಟೂರಿನ ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿ ನಿವೃತ್ತರಾದವರು. ಪುಟ್ಟಿಯ ಇಂಗ್ಲಿಷಿನಲ್ಲಿ ಅವರಿಗೆ ದಕ್ಕಿದ್ದು ಮೂರೇ ಪದ: ವಾಟರ್, ನಾಟ್, ನರ್ಸ್. ಅಷ್ಟು ಸಾಕಾಯಿತು. ಕೊನೆಗಾಲದಲ್ಲಿ ಬಾಯಿಗೆ ಒಂದು ಗುಟುಕು ನೀರು ಬಿಡೋರು ಬೇಕು ಅಂತಲೇ ನಮ್ಮವರು ಮಕ್ಕಳು ಮೊಮ್ಮಕ್ಕಳನ್ನು ಪಡೆಯುವುದು. ಇಲ್ಲಿ ಕೊನೆಗಾಲ ಇನ್ನೂ ದೂರ ಇರುವಾಗಲೇ ಇಲ್ಲ ಅಂದುಬಿಟ್ಟಳಲ್ಲ! ತಿಪಟೂರಿನಲ್ಲಿ ಆಗ ರಾತ್ರಿ ಹನ್ನೊಂದೂವರೆ. ಆದರೂ ತಂಗಿ ವಾಟ್ಸಾಪ್‌ನಲ್ಲಿ ಎಚ್ಚರವಾಗಿದ್ದರು. ಸಂಜೆ ಆರರ ಹೊತ್ತಿಗೆ ಮೆಲ್ಬರ್ನಿನಿಂದ ಆ ತಂಗಿಯ ಮಗ ಫೋನ್ ಮಾಡಿ, “ದೊಡ್ಡಮ್ಮನಿಗೆ ನೀರೂ ಕೊಡ್ತಿಲ್ವಂತೆ, ನರ್ಸ್ ಇಟ್ಟಿದ್ದೀರಂತೆ, ಏನಾಗಿದೆ? ಯಾಕೆ ಯಾರೂ ತಿಳಿಸಲಿಲ್ಲ?” ಎಂದು ಅಳುವ ದನಿಯಲ್ಲಿ ಕೇಳಿದ. ಮೈಸೂರಿನಿಂದ ಒಬ್ಬರು ಯಾವುದಕ್ಕೂ ಇರಲಿ ಅಂತ ಮೃತ್ಯುಂಜಯ ಜಪಕ್ಕೆ ಹೇಳಿಯೂ ಆಗಿತ್ತು.

ಇಷ್ಟಕ್ಕೆಲ್ಲ ಮೂಲ ಪುಟ್ಟಿ ಹಾಕಲಿರುವ ಒಂದು ಅರ್ಜಿ. ಅಮೆರಿಕದ ಬಹುತೇಕ ಮೆಡಿಕಲ್ ಸ್ಕೂಲುಗಳಿಗೆ ಒಂದೇ ಅರ್ಜಿ, ಅದರ ಹೆಸರು ಆಮ್ಕಾಸ್. ಮೇ ತಿಂಗಳಲ್ಲಿ ಅದು ತೆರೆದುಕೊಳ್ಳುತ್ತದೆ, ಆಗ ಮೆಡಿಕಲ್‌ಗೆ ತಯಾರಾಗುತ್ತಿರುವ ಪ್ರೀ-ಮೆಡ್ ಮಕ್ಕಳಿರುವ ಮನೆಗಳಲ್ಲಿ ಮದುವೆ ಮನೆಯ ಗಡಿಬಿಡಿ, ಸಾವಿನ ಮನೆಯ ಮೌನ ಒಟ್ಟಿಗೇ ಬರುತ್ತವೆ. ವರ್ಷಕ್ಕೆ 50,000ಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಾರೆ. ಸೇರುವವರು ಸುಮಾರು 23,000. ಎಂಕ್ಯಾಟ್ ಪರೀಕ್ಷೆಯಲ್ಲಿ 230 ಪ್ರಶ್ನೆ, ಬಿಡುವುಗಳೂ ಸೇರಿ ಏಳೂವರೆ ಗಂಟೆ. ಗರಿಷ್ಠ ಅಂಕ 528, ಕನಿಷ್ಠ 472. ಏನೂ ಬರೆಯದೆ ಎದ್ದು ಬಂದರೂ 472 ಬರುತ್ತಾ ಎಂದು ಅಜ್ಜಿ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಾರೆ.

ಅಂಕವೊಂದೇ ಸಾಲದು ಎನ್ನುವುದು ಅಪ್ಪನಿಗೆ ಇನ್ನೂ ಅರಗದ ತುತ್ತು. ಅವರು ಕರ್ನಾಟಕದಲ್ಲಿ ಸಿಇಟಿ ಶುರುವಾದ 1994ರಲ್ಲೇ ಅದನ್ನು ಬರೆದವರು. ರ್‍ಯಾಂಕ್ ಬಂತು, ಕೌನ್ಸೆಲಿಂಗ್‌ಗೆ ಹೋದರು, ಸೀಟು ಹಿಡಿದರು. ನೀನು ಯಾರಿಗಾದರೂ ಕಂಬಳಿ ಹೊದಿಸಿದ್ದೀಯಾ ಎಂದು ಯಾರೂ ಕೇಳಲಿಲ್ಲ. ಈಗಿನ ನೀಟ್ ಕೂಡ ಹಾಗೆಯೇ: 180 ಪ್ರಶ್ನೆ, 720 ಅಂಕ, ಮುಗೀತು. ಇಲ್ಲಿ ಹಾಗಲ್ಲ. ಮಾಡಿದ ಸೇವೆ, ಸಂಶೋಧನೆ, ಹವ್ಯಾಸ ಎಲ್ಲವನ್ನೂ ಗರಿಷ್ಠ 15 ಬಾಬ್ತುಗಳಲ್ಲಿ ಬರೆಯಬೇಕು. ಪ್ರತಿಯೊಂದಕ್ಕೂ 700 ಅಕ್ಷರ, ಎಷ್ಟು ಗಂಟೆ ಎಂಬ ಲೆಕ್ಕ, ಹೌದು ಎನ್ನಲು ಒಬ್ಬರ ಹೆಸರು, ಫೋನು. ಸೇವೆಯಲ್ಲೂ ಎರಡು ಜಾತಿ: ರೋಗಿಗಳ ನಡುವೆ ಮಾಡಿದ್ದು, ಬೇರೆ ಕಡೆ ಮಾಡಿದ್ದು.

ಬೇರೆ ಕಡೆಯದಕ್ಕೆ ಅಮ್ಮನ ಹತ್ತಿರ ದೊಡ್ಡ ಪಟ್ಟಿಯೇ ಇತ್ತು. ಬೃಂದಾವನ ಕನ್ನಡ ಕೂಟದ ಯುಗಾದಿಯಲ್ಲಿ ಪುಟ್ಟಿ ಒಬ್ಬಟ್ಟು ಬಡಿಸಿದ್ದು, ಎಡಿಸನ್ನಿನಲ್ಲೇ ಇರುವ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನದಲ್ಲಿ ಜನ್ಮಾಷ್ಟಮಿಗೆ ಚಪ್ಪಲಿ ಕಾದದ್ದು. ಪುಟ್ಟಿ ಬರೆಯಲು ಕೂತಳು. ಒಬ್ಬಟ್ಟು ಅಂದರೇನು ಎಂದು ವಿವರಿಸುವುದರಲ್ಲೇ 140 ಅಕ್ಷರ ಖರ್ಚಾಯಿತು. ಹೂರಣ ಕಡಲೆಬೇಳೆಯದೋ ತೊಗರಿಬೇಳೆಯದೋ ಎಂದು ಅಜ್ಜಿ ಮತ್ತು ಅಮ್ಮನ ನಡುವೆ ಎದ್ದ ಚರ್ಚೆಯಲ್ಲಿ ಒಂದು ಸಂಜೆ ಖರ್ಚಾಯಿತು. ಆ ಬಾಬ್ತು ಇನ್ನೂ ಖಾಲಿ ಇದೆ.

ಹಾಗೆ ನೋಡಿದರೆ ಓದುವ ಮಕ್ಕಳನ್ನು ಆಸ್ಪತ್ರೆಗೆ ಸೇವೆಗೆ ಕಳಿಸುವ ಚಾಳಿಗೂ ಈ ರಾಜ್ಯಕ್ಕೂ ಹಳೆಯ ನಂಟು. 1944ರಲ್ಲಿ ಇದೇ ನ್ಯೂಜೆರ್ಸಿಯ ಈಸ್ಟ್ ಆರೆಂಜಿನಲ್ಲಿ ಹೈಸ್ಕೂಲು ಮಕ್ಕಳ ತರಗತಿಯೊಂದು ಕೆಂಪು-ಬಿಳಿ ಪಟ್ಟೆಯ ಬಟ್ಟೆಯಲ್ಲಿ ಸಮವಸ್ತ್ರ ಹೊಲಿದುಕೊಂಡು ಆಸ್ಪತ್ರೆಗೆ ಹೋಯಿತು. ಮಿಠಾಯಿ ಕಡ್ಡಿಯಂತೆ ಕಾಣುತ್ತಿದ್ದ ಆ ಮಕ್ಕಳಿಗೆ ಕ್ಯಾಂಡಿ ಸ್ಟ್ರೈಪರ್ ಎಂಬ ಹೆಸರು ನಿಂತಿತು. ಯುದ್ಧಕಾಲ ಅದು. ಅವರು ಗಂಟೆ ಎಣಿಸಿರಲಾರರು.

ಪುಟ್ಟಿ ಎಣಿಸುತ್ತಾಳೆ. ಈವರೆಗೆ 180.

ಅವಳ ಮೇಲೆ ಅಜ್ಜಿಗೆ ಇನ್ನೊಂದು ಹಳೆಯ ಸಿಟ್ಟೂ ಇದೆ. ಭಾನುವಾರ ಭಾನುವಾರ ಆಸ್ಪತ್ರೆಗೆ ಹೋಗಿ ಬರುವ ಹುಡುಗಿ, ಅಲ್ಲಿ ಯಾರಿಗೆ ಏನಾಗಿತ್ತು ಅಂತ ಒಂದಕ್ಷರ ಹೇಳುವುದಿಲ್ಲ. “ಹೇಳೋ ಹಾಗಿಲ್ಲ ಅಜ್ಜಿ, ಹಿಪಾ” ಎನ್ನುತ್ತಾಳೆ. ರೋಗಿಗಳ ಗುಟ್ಟು ಕಾಪಾಡುವ, 1996ರಲ್ಲಿ ಬಂದ ಕಾನೂನದು. ಹಿಪಾ ಎಂಬ ಆಸಾಮಿ ಆಸ್ಪತ್ರೆಯ ಹೆಡ್ ಆಫೀಸಿನವನಿರಬೇಕು ಎಂದು ಅಜ್ಜಿ ಬಹಳ ದಿನ ನಂಬಿದ್ದರು. ತಿಪಟೂರಿನ ಅಕ್ಕಪಕ್ಕದ ಮನೆಗಳವರ ಶುಗರ್, ಬಿಪಿ, ಮಂಡಿನೋವಿನ ಅಂಕಿಅಂಶ ಬಾಯಲ್ಲೇ ಇಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ಒಪ್ಪಿಸುವ ಅವರಿಗೆ ಇಂಥ ಕಾನೂನು ಅರ್ಥವಾಗುವುದಾದರೂ ಹೇಗೆ?

ಸೋಮವಾರ ಬೆಳಿಗ್ಗೆ ಅಜ್ಜಿ ಪ್ರತಿದಾಳಿ ಶುರುಮಾಡಿದರು. ಸೂಟ್‌ಕೇಸಿನಲ್ಲಿ ಸುರುಳಿ ಸುತ್ತಿ ತಂದಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಅಡುಗೆಮನೆಯ ಗೋಡೆಯ ಮೇಲಿತ್ತು. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಮೊಮ್ಮಗಳ ಹಾಜರಿ ಹಾಕತೊಡಗಿದರು. ಗಂಟೆ ಲೆಕ್ಕ ಅಂದರೆ ಗಂಟೆ ಲೆಕ್ಕ. ಸೋಮವಾರದ ಚೌಕದಲ್ಲಿ: ನೀರು, ಎರಡು ಸಲ ಕೇಳಿದ ಮೇಲೆ, 2 ನಿಮಿಷ. ಮಂಗಳವಾರ: ಫೋನಿನಲ್ಲಿ ಕಳೆದುಹೋದ ಫೋಟೋ ಹುಡುಕಿದ್ದು, 11 ನಿಮಿಷ, ಗೊಣಗುತ್ತ. ಬುಧವಾರ: ಗೈರು. ಗುರುವಾರ ಮಂಡಿಗೆ ಎಣ್ಣೆ ತಿಕ್ಕಿದ್ದಕ್ಕೆ 15 ನಿಮಿಷ ಸಿಕ್ಕಿತು. ಆದರೆ ತಿಕ್ಕುವಾಗ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳೆಂದು ಅಜ್ಜಿ ಅದರಲ್ಲಿ 5 ಕಳೆದರು. ಅದು ಸೇವೆಯಲ್ಲ, ಓದು. ಅರ್ಜಿಯಲ್ಲಿ ಸಾಕ್ಷಿಗೆ ತಮ್ಮ ನಂಬರೇ ಕೊಡು ಎಂದೂ ಹೇಳಿದರು: “ರಾಹುಕಾಲ ಬಿಟ್ಟು ಯಾವಾಗ ಬೇಕಾದ್ರೂ ಮಾಡ್ಲಿ.” ರಾಹುಕಾಲ ಎಲ್ಲಿಯದು, ತಿಪಟೂರಿನದೋ ಎಡಿಸನ್ನಿನದೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಪುಟ್ಟಿಗೆ ರೇಗಿತು. “ಸುಮ್ನೆ ನನ್ನ ಲೆಕ್ಕ ಇಡ್ತೀಯಲ್ಲ ಅಜ್ಜಿ, ನೀನು ಯಾವತ್ತಾದ್ರೂ ವಾಲಂಟಿಯರ್ ಮಾಡಿದೀಯಾ?”

“ಹಂಗಂದ್ರೆ?”

“ಸಂಬಳ ತಗೊಳ್ದೆ ಬೇರೆಯವರಿಗೋಸ್ಕರ ಕೆಲ್ಸ ಮಾಡೋದು.”

ಅಜ್ಜಿ ಸೊಸೆಯ ಮುಖ ನೋಡಿದರು. ಸೊಸೆ ಅಜ್ಜಿಯ ಮುಖ ನೋಡಿದರು. ಇಪ್ಪತ್ತಮೂರು ವರ್ಷಗಳಲ್ಲಿ ಮೊದಲ ಸಲ ಅತ್ತೆ ಸೊಸೆ ಒಂದೇ ವಿಷಯಕ್ಕೆ ನಕ್ಕರು. ಸಣ್ಣ ನಗುವಲ್ಲ. ಸೊಸೆ ಸೌಟು ಕೆಳಗಿಟ್ಟು, ಸೆರಗಿಲ್ಲದ್ದರಿಂದ ಟಿ-ಷರ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಅಪ್ಪ ತಟ್ಟೆಯ ಕಡೆ ನೋಡುತ್ತ ಮಜ್ಜಿಗೆ ಕಲಸಿಕೊಂಡರು.

ಹಾಗಿದ್ದರೆ ಲೆಕ್ಕ ಹಾಕೇಬಿಡೋಣ ಎಂದು ಲ್ಯಾಪ್‌ಟಾಪ್ ತೆರೆದದ್ದೂ ಅಪ್ಪನೇ. ಮಾತು ತಿರುಗಿಸಲು ಇಂಜಿನಿಯರಿಗೆ ಎಕ್ಸೆಲ್ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ. ಹಪ್ಪಳ, ಶ್ರಾದ್ಧದಡುಗೆ, ಪಕ್ಕದ ಮನೆಯ ಮಕ್ಕಳಿಗೆ ಮಗ್ಗಿ ಎಲ್ಲ ಬಿಟ್ಟು ಬಾಣಂತನವನ್ನಷ್ಟೇ ಹಿಡಿದರು. ಅಜ್ಜಿ ಮಾಡಿದ ಬಾಣಂತನ ಏಳು. ಒಂದೊಂದಕ್ಕೆ ತೊಂಬತ್ತು ದಿನ, ದಿನಕ್ಕೆ ಆರು ಗಂಟೆ ಮಾತ್ರ ಎಂದು ಜಿಪುಣತನದಿಂದ ಹಿಡಿದರೂ 3,780 ಗಂಟೆ ಬಂತು.

ಪುಟ್ಟಿ ಪರದೆಯನ್ನೇ ನೋಡುತ್ತಿದ್ದಳು. ಸೋಲೊಪ್ಪುವ ಜಾಯಮಾನವಲ್ಲ. ಅದು ರೋಗಿಗಳ ಸೇವೆ ಅನ್ನಿಸಿಕೊಳ್ಳಲ್ಲ ಅಂದಳು. ರೋಗಿಯ ಮೈವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಇದ್ದರೆ ಮಾತ್ರ ಆ ಗುಂಪಿಗೆ ಸೇರುತ್ತದೆ ಎಂಬ ಮಾತು ಪ್ರೀ-ಮೆಡ್ ಮಕ್ಕಳಲ್ಲಿ ಓಡಾಡುತ್ತದೆ.

“ವಾಸನೆಯೇನೇ?” ಎಂದರು ಅಜ್ಜಿ. “ಕಾಲು ನೀಡಿ, ಕಾಲ ಮೇಲೆ ಹಾಕ್ಕೊಂಡು, ಎಣ್ಣೆ ಹಚ್ಚಿ, ಎಲ್ಲಾನೂ ತೊಳ್ದಿದೀನಿ. ಆ ಏಳನೇ ಕೂಸು ನೀನೇ.”

ಆ ಬಾಣಂತನ ನಡೆದದ್ದು ಇದೇ ಎಡಿಸನ್ನಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಮೊದಲ ಕೆಲವು ತಿಂಗಳು ಅಮ್ಮನ ಅಮ್ಮ, ಅವರ ವೀಸಾ ಅವಧಿ ಮುಗಿದ ಮೇಲೆ ಅಪ್ಪನ ಅಮ್ಮ. ಹೊರನಾಡ ಬಾಣಂತನವೆಂದರೆ ಬೀಗಿತ್ತಿಯರ ರಿಲೇ ಓಟ. ಪುಟ್ಟಿಗೆ ಸ್ನಾನ ಮಾಡಿಸಿ ಸಾಂಬ್ರಾಣಿ ಹಾಕಿದ ಮೊದಲ ದಿನವೇ ಹೊಗೆಯ ಅಲಾರಂ ಕೂಗಿ, ಕಟ್ಟಡದ ಜನರೆಲ್ಲ ಕೆಳಗಿಳಿದು ನಿಂತು, ಫೈರ್ ಇಂಜಿನ್ ಬಂದಿತ್ತು. ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಅಜ್ಜಿಯೂ ಹಿಮದಲ್ಲಿ ನಿಂತಿದ್ದರಂತೆ. ಮಗುವಿಗೆ ಥಂಡಿಯಾದೀತೆಂದು ಫೈರ್‌ಮನ್ ಒಬ್ಬ ತನ್ನ ಕೋಟನ್ನು ಬಿಚ್ಚಿ ಹೊದಿಸಿದ. ಅಜ್ಜಿ ಅದರ ಮೇಲೊಂದು ದೃಷ್ಟಿ ತೆಗೆದರು.

ಅರ್ಜಿಯಲ್ಲಿ ಹದಿನೈದರ ಪೈಕಿ ಮೂರು ಅನುಭವಗಳನ್ನು ಅತ್ಯಂತ ಅರ್ಥಪೂರ್ಣವೆಂದು ಗುರುತಿಸಿ, ಇನ್ನೂ 1,325 ಅಕ್ಷರ ಬರೆಯಲು ಅವಕಾಶವಿದೆ. ಮೂರನೆಯದು ಯಾವುದೆಂದು ಪುಟ್ಟಿ ಹೇಳುತ್ತಿಲ್ಲ. ಕೇಳಿದರೆ “ಹಿಪಾ” ಎನ್ನುತ್ತಾಳೆ.

ಈ ಭಾನುವಾರವೂ ಅವಳು ಹನ್ನೊಂದೂವರೆಗೆ ಆಸ್ಪತ್ರೆಯಿಂದ ಬಂದಳು. ಸೋಫಾಕ್ಕೆ ಬೀಳುವ ಮುಂಚೆ ಅಡುಗೆಮನೆಗೆ ಹೋಗಿ, ಲೋಟದ ತುಂಬ ನೀರು ತಂದು, ಅಜ್ಜಿಯ ಕುರ್ಚಿಯ ಪಕ್ಕ ಇಟ್ಟು ಮಲಗಿದಳು. ಅಜ್ಜಿ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಬರೆದರು: ಕೇಳದೆಯೇ ನೀರು, 1 ನಿಮಿಷ. ಒಂದು ಗುಟುಕು ಕುಡಿದು ನೋಡಿ, ಮತ್ತೆ ಎದ್ದು ಹೋಗಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದರು: ಐಸ್ ಹಾಕಿದ್ದಾಳೆ.